ಒಲೆಯ ಬಲವರಿತು ಹಂಡೆಯನ್ನೇರಿಸಿ
ಎರಡು ಗ್ರಾಫಿಕ್ಸ್ ಕಾರ್ಡುಗಳ ಕಂಪ್ಯೂಟರಿಗೆ ವಿದ್ಯುತ್ ಪೆಟ್ಟಿಗೆಯ ಆಯ್ಕೆ

ಕಳೆದ ಭಾನುವಾರ ಮಯೂರ್ ವಿಹಾರ್ ಒಂದನೆಯ ಫೇಸಿನಿಂದ ನಮ್ಮವರೇ ಆದ ಗುಮಾಸ್ತರೊಬ್ಬರು ತಮ್ಮ ಮಗನನ್ನು ಕರೆದುಕೊಂಡು ನಮ್ಮಲ್ಲಿಗೆ ಬಂದಿದ್ದರು. ಹುಡುಗನ ಕೈಯಲ್ಲೊಂದು ಚೀಟಿಯಿತ್ತು. ಆಟವಾಡುವುದಕ್ಕಾಗಿ ತಾನೇ ಜೋಡಿಸಬೇಕೆಂದಿದ್ದ ಕಂಪ್ಯೂಟರಿನ ಸಾಮಾನುಗಳ ಪಟ್ಟಿ ಅದು. ಬಳಸಿದ ಆರ್.ಟಿ.ಎಕ್ಸ್. 3090 ಗ್ರಾಫಿಕ್ಸ್ ಕಾರ್ಡುಗಳು ಎರಡು, ಪ್ರೊಸೆಸರು, ಬಣ್ಣದ ದೀಪಗಳುಳ್ಳ ಗಾಜಿನ ಕ್ಯಾಬಿನೆಟ್ಟು, ಹೀಗೆ ಸಾಗಿ ಕಟ್ಟಕಡೆಯ ಸಾಲಿನಲ್ಲಿ, “ಎಸ್.ಎಂ.ಪಿ.ಎಸ್. — ಉಳಿದ ಹಣದಲ್ಲಿ” ಎಂದು ಬರೆದಿತ್ತು.

“ರಾಯರೇ, ಎರಡು ವರ್ಷ ಆರ್.ಡಿ. ಕಟ್ಟಿದ ಹಣ. ಇವನು ಹೇಳುವುದೊಂದೂ ನನಗೆ ತಿಳಿಯುವುದಿಲ್ಲ. ತಾವೊಮ್ಮೆ ನೋಡಿ” ಎಂದರು ತಂದೆ. ನಮ್ಮ ಕಣ್ಣು ಆ ಕೊನೆಯ ಸಾಲಿನಲ್ಲಿಯೇ ನಿಂತಿತು.

ಎಸ್.ಎಂ.ಪಿ.ಎಸ್. ಎಂಬುದು ಗೋಡೆಯ 230 ವೋಲ್ಟಿನ ವಿದ್ಯುತ್ತನ್ನು ಕಂಪ್ಯೂಟರಿಗೆ ಸಲ್ಲುವ 12 ವೋಲ್ಟು ಮೊದಲಾದ ಸಣ್ಣ ಪ್ರಮಾಣಗಳಿಗೆ ಇಳಿಸಿ ಹಂಚುವ ಪೆಟ್ಟಿಗೆ. ನೋಡುವವರಿಗೆ ಅದು ಕಾಣುವುದಿಲ್ಲ. ಆದರೆ ಒಳಗಿನ ಬೆಲೆಬಾಳುವ ಸಾಮಾನುಗಳೆಲ್ಲ ಅದರ ಅನ್ನವನ್ನೇ ಉಣ್ಣತಕ್ಕವು. ಅದು ಕೆಟ್ಟರೆ ತಾನೊಂದೇ ಕೆಡದೆ ಕಾರ್ಡನ್ನೂ ಬೋರ್ಡನ್ನೂ ಜೊತೆಗೆ ಒಯ್ಯುವ ಭಯವುಂಟು.

ಈ ವಿದ್ಯೆಯಲ್ಲಿ ನಾವು ಪಂಡಿತರಲ್ಲ. ಆದರೆ ಹೋಟೆಲು ನಡೆಸಿದವರಿಗೆ ಹೊರೆಯ ಲೆಕ್ಕ ಹೊಸದೂ ಅಲ್ಲ. ಹಿಂದೆ ನಾವು ದೊಡ್ಡದೊಂದು ರುಬ್ಬುವ ಯಂತ್ರವನ್ನು ಕೊಂಡು, ಅದಕ್ಕೆ ಬೇಕಾದ ತಂತಿ ಮತ್ತು ಸ್ವಿಚ್ಚುಗಳಲ್ಲಿ ಮಾತ್ರ ಕೈಬಿಗಿ ಮಾಡಿ ಅಗ್ಗದ ಮಾಲನ್ನು ಹಾಕಿಸಿದೆವು. ಮೂರನೆಯ ವಾರದಲ್ಲಿ, ಬೆಳಗಿನ ಜಾವ ವಡೆಯ ಹಿಟ್ಟು ರುಬ್ಬುತ್ತಿದ್ದಾಗ ಸ್ವಿಚ್ ಬೋರ್ಡು ಕರಗಿ ಹೊತ್ತಿಕೊಂಡಿತು. ಆರಿಸಹೋದ ಹುಡುಗನ ಅಂಗೈ ಸುಟ್ಟಿತು. ಉಳಿಸಿದ್ದು ಕೆಲವು ನೂರು ರೂಪಾಯಿ. ತೆತ್ತದ್ದು ಯಂತ್ರದ ಬೆಲೆ. ಆ ಅಂಗೈಯ ಕಲೆಯನ್ನು ನಾವು ಇಂದಿಗೂ ಮರೆತಿಲ್ಲ.

ಹೊರೆಯ ಲೆಕ್ಕ

ಹುಡುಗನನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಲೆಕ್ಕ ಹಾಕಿದೆವು. 2020ರಲ್ಲಿ ಹೊರಬಂದ ಈ 3090 ಕಾರ್ಡು ಒಂದಕ್ಕೆ 350 ವಾಟ್, ಎರಡಕ್ಕೆ 700. ಪ್ರೊಸೆಸರಿಗೆ ಸುಮಾರು 150. ಬೋರ್ಡು, ಮೆಮೊರಿ, ಡಿಸ್ಕು, ಫ್ಯಾನುಗಳಿಗೆಲ್ಲ ಸೇರಿ 100. ಒಟ್ಟು 950 ವಾಟ್.

ಹಾಗಾದರೆ 1000 ವಾಟಿನ ಪೆಟ್ಟಿಗೆ ಸಾಕಲ್ಲವೇ ಎಂದು ಹುಡುಗನು ಕೇಳಿದನು. ಸಾಲದು. ರುಬ್ಬುವ ಯಂತ್ರವು ಹೊರಡುವ ಗಳಿಗೆಯಲ್ಲಿ ಹೇಗೆ ಒಮ್ಮೆಗೇ ಹೆಚ್ಚು ವಿದ್ಯುತ್ತನ್ನು ಎಳೆದು ಹೋಟೆಲಿನ ದೀಪಗಳನ್ನು ಮಂಕಾಗಿಸುತ್ತದೆಯೋ, ಹಾಗೆಯೇ ಈ ಕಾರ್ಡುಗಳು ಕೆಲಸದ ನಡುವೆ, ಸೆಕೆಂಡಿನ ಸಾವಿರದಲ್ಲಿ ಕೆಲವೇ ಪಾಲಿನಷ್ಟು ಕಾಲ, ತಮ್ಮ ನಮೂದಿತ ಬಲವನ್ನು ಮೀರಿ ಬಹಳವಾಗಿ ಎಳೆಯುತ್ತವೆ. ಎರಡು ಕಾರ್ಡುಗಳೂ ಒಂದೇ ಗಳಿಗೆಯಲ್ಲಿ ಎಳೆದರೆ, ಅಂಚಿನಲ್ಲಿ ನಿಂತ ಪೆಟ್ಟಿಗೆಯು ತನ್ನ ರಕ್ಷಣೆಗಾಗಿ ಕಂಪ್ಯೂಟರನ್ನೇ ಆರಿಸಿಬಿಡುತ್ತದೆ. ಆದುದರಿಂದ ಒಟ್ಟು ಹೊರೆಗೆ ಕಾಲುಭಾಗದಿಂದ ಮೂರನೆಯೊಂದು ಭಾಗದವರೆಗೆ ಕೂಡಿಸಿಕೊಳ್ಳುವುದು ಕ್ಷೇಮ. 950ಕ್ಕೆ 1200 ಅಥವಾ 1300 ವಾಟ್ ತಕ್ಕದ್ದು. ಇಂತಹ ಕ್ಷಣಿಕ ಏರಿಕೆಗಳನ್ನು ತಾಳಿಕೊಳ್ಳಲೆಂದೇ ಇಂಟೆಲ್ ಸಂಸ್ಥೆಯು 2022ರಲ್ಲಿ ಎ.ಟಿ.ಎಕ್ಸ್. 3.0 ಎಂಬ ನಿಯಮಾವಳಿಯನ್ನು ಪ್ರಕಟಿಸಿತು. ಆ ಗುರುತುಳ್ಳ ಪೆಟ್ಟಿಗೆ ದೊರೆತರೆ ಒಳ್ಳೆಯದು.

ಹಣೆಪಟ್ಟಿಯನ್ನು ಓದಿರಿ

ಪೆಟ್ಟಿಗೆಯ ಮೇಲೆ ದೊಡ್ಡಕ್ಷರದಲ್ಲಿ ಬರೆದ ವಾಟನ್ನು ನಂಬಿ ಹಣ ಕೊಡಬೇಡಿ. ಪಕ್ಕದಲ್ಲಿ ಅಂಟಿಸಿದ ಕೋಷ್ಟಕದಲ್ಲಿ 12 ವೋಲ್ಟಿನ ಸಾಲಿಗೆ ಎಷ್ಟು ಆಂಪಿಯರ್ ಎಂದು ನೋಡಿ, ಅದನ್ನು 12ರಿಂದ ಗುಣಿಸಿರಿ. ಕಾರ್ಡು ಮತ್ತು ಪ್ರೊಸೆಸರುಗಳು ಉಣ್ಣುವುದು ಆ ಸಾಲಿನಿಂದಲೇ. 100 ಆಂಪಿಯರ್ ಇದ್ದರೆ 1200 ವಾಟ್ ನಿಜ. “450 ವಾಟ್” ಎಂದು ಬರೆದ ಅಗ್ಗದ ಪೆಟ್ಟಿಗೆಯ ಕೋಷ್ಟಕದಲ್ಲಿ 18 ಆಂಪಿಯರ್ ಮಾತ್ರವಿದ್ದರೆ, ಅಲ್ಲಿ ಕೆಲಸಕ್ಕೆ ಬರುವುದು 216 ವಾಟ್ ಅಷ್ಟೇ ಎಂದು ತಿಳಿಯತಕ್ಕದ್ದು.

“80 ಪ್ಲಸ್” ಎಂಬ ಮುದ್ರೆಯ ಬ್ರಾಂಜ್, ಗೋಲ್ಡ್, ಪ್ಲಾಟಿನಂ ದರ್ಜೆಗಳು ತಿಳಿಸುವುದು ಗೋಡೆಯಿಂದ ಎಳೆದ ವಿದ್ಯುತ್ತಿನಲ್ಲಿ ಎಷ್ಟು ಪಾಲು ಕಂಪ್ಯೂಟರಿಗೆ ಮುಟ್ಟುತ್ತದೆ, ಎಷ್ಟು ಶಾಖವಾಗಿ ಹೋಗುತ್ತದೆ ಎಂಬುದನ್ನು ಮಾತ್ರ. ಗೋಲ್ಡ್ ದರ್ಜೆಯದು ಸುಮಾರು ನೂರಕ್ಕೆ 90 ಪಾಲನ್ನು ಮುಟ್ಟಿಸುತ್ತದೆ. ಅದು ಮಿತವ್ಯಯದ ಗುರುತೇ ಹೊರತು ಬಾಳಿಕೆಯ ಪ್ರಮಾಣಪತ್ರವಲ್ಲ. ಬಾಳಿಕೆಗೆ ವಾರಂಟಿಯ ವರ್ಷಗಳನ್ನು ನೋಡಬೇಕು. ಒಳ್ಳೆಯ ತಯಾರಕರು ಇಂತಹ ದೊಡ್ಡ ಪೆಟ್ಟಿಗೆಗಳಿಗೆ 10 ವರ್ಷದವರೆಗೂ ಕೊಡುವುದುಂಟು.

ತಂತಿಗಳ ವಿಷಯ

ಎಂಟು ಪಿನ್ನಿನ ಒಂದು ಕನೆಕ್ಟರು 150 ವಾಟ್ ಒಯ್ಯಲು ನಿಯಮಿತವಾದದ್ದು. ಬೋರ್ಡಿನ ಸ್ಲಾಟು ಕೊಡುವುದು 75 ವಾಟ್. ಅನೇಕ 3090 ಕಾರ್ಡುಗಳಿಗೆ ಎಂಟು ಪಿನ್ನಿನವು ಎರಡು ಅಥವಾ ಮೂರು ಬೇಕು. ಎಂದರೆ ಎರಡು ಕಾರ್ಡಿಗೆ ನಾಲ್ಕರಿಂದ ಆರು. ಪೆಟ್ಟಿಗೆಯಲ್ಲಿ ಅಷ್ಟು ಇವೆಯೇ ಎಂದು ಮೊದಲೇ ಎಣಿಸಿರಿ. ಒಂದೇ ತಂತಿಯ ಕೊನೆಯಲ್ಲಿ ಕವಲೊಡೆದ ಎರಡು ಕನೆಕ್ಟರುಗಳಿಂದ ದೊಡ್ಡ ಕಾರ್ಡನ್ನು ನಡೆಸದೆ, ಒಂದೊಂದಕ್ಕೂ ಪ್ರತ್ಯೇಕ ತಂತಿಯನ್ನೆಳೆಯುವುದು ಲೇಸು.

ಇನ್ನೊಂದು ಮಾತು ಮುಖ್ಯ. ಕಳಚಿ ಜೋಡಿಸುವ ತಂತಿಗಳುಳ್ಳ ಪೆಟ್ಟಿಗೆಯಾದರೆ, ಬೇರೆ ಪೆಟ್ಟಿಗೆಯ ತಂತಿಯನ್ನು ಅದಕ್ಕೆ ಎಂದಿಗೂ ಸಿಕ್ಕಿಸಬಾರದು. ತುದಿ ಒಂದೇ ಬಗೆಯಾಗಿ ಕಂಡರೂ ಪೆಟ್ಟಿಗೆಯ ಕಡೆಯ ಪಿನ್ನುಗಳ ಕ್ರಮ ತಯಾರಕರಿಂದ ತಯಾರಕರಿಗೆ ಬೇರೆ. ತಪ್ಪಿದರೆ ಡಿಸ್ಕು, ಬೋರ್ಡುಗಳು ಸುಡುವುದಕ್ಕೆ ಒಂದು ಗಳಿಗೆ ಸಾಕು.

ಮನೆಯ ಗೋಡೆ, ಮನೆಯ ಮೀಟರು

ಪೆಟ್ಟಿಗೆ ಸರಿಯಾದರೆ ಸಾಲದು. ಅದನ್ನು ಸಿಕ್ಕಿಸುವ ಗೋಡೆಯೂ ಸರಿಯಾಗಿರಬೇಕು. ಕಂಪ್ಯೂಟರು 950 ವಾಟ್ ಉಣ್ಣುವಾಗ ಗೋಲ್ಡ್ ದರ್ಜೆಯ ಪೆಟ್ಟಿಗೆಯು ಗೋಡೆಯಿಂದ ಎಳೆಯುವುದು ಸುಮಾರು 1050 ವಾಟ್. 230 ವೋಲ್ಟಿನಲ್ಲಿ ಅದು ನಾಲ್ಕೂವರೆ ಆಂಪಿಯರ್; ಬೇಸಗೆಯ ಸಂಜೆ ವೋಲ್ಟೇಜು 200ಕ್ಕೆ ಇಳಿದರೆ ಐದಕ್ಕೂ ಮೀರುತ್ತದೆ. ಮಾನಿಟರನ್ನೂ ಫ್ಯಾನನ್ನೂ ಸೇರಿಸಿ ಹಳೆಯ ಫ್ಲ್ಯಾಟಿನ 6 ಆಂಪಿಯರ್ ಸಾಕೆಟ್ಟಿಗೆ, ಅದರಲ್ಲಿಯೂ ಅಗ್ಗದ ಎಕ್ಸ್‌ಟೆನ್ಷನ್ ಬೋರ್ಡಿಗೆ, ಗಂಟೆಗಟ್ಟಲೆ ಈ ಹೊರೆ ಹೊರಿಸುವುದು ವಿವೇಕವಲ್ಲ. ಗೀಸರಿಗೆ ಹಾಕಿಸುವಂತಹ 16 ಆಂಪಿಯರ್ ಸಾಕೆಟ್ಟನ್ನು, ನೆಲತಂತಿ ಸಮೇತವಾಗಿ, ಬಲ್ಲ ಎಲೆಕ್ಟ್ರಿಶಿಯನ್ನರಿಂದ ಹಾಕಿಸಿರಿ. ಕ್ಯಾಬಿನೆಟ್ಟು ಮುಟ್ಟಿದಾಗ ಜುಮ್ಮೆಂದರೆ ನೆಲತಂತಿಯನ್ನು ಆ ಕೂಡಲೇ ಪರೀಕ್ಷಿಸಿಸತಕ್ಕದ್ದು. 600 ವಿ.ಎ. ಯು.ಪಿ.ಎಸ್. ಇಷ್ಟು ಹೊರೆಯನ್ನು ತಾಳದು.

ಇನ್ನು ಬಿಲ್ಲು. ದಿನಕ್ಕೆ ನಾಲ್ಕು ಗಂಟೆ ಪೂರ್ಣ ಹೊರೆಯಲ್ಲಿ ನಡೆದರೆ 4.2 ಯೂನಿಟ್, ತಿಂಗಳಿಗೆ 126. ದಿಲ್ಲಿಯಲ್ಲಿ 2019ರಲ್ಲಿ 200 ಯೂನಿಟ್‌ವರೆಗೆ ಬಿಲ್ಲಿಲ್ಲವೆಂಬ ವ್ಯವಸ್ಥೆ ಬಂದ ಮೇಲೆ ಆ ಗೆರೆಯೊಳಗೆ ಸಂಸಾರ ತೂಗಿಸುವುದನ್ನು ನಮ್ಮ ಗೃಹಿಣಿಯರು ಕಲಿತಿದ್ದಾರೆ. ಈ ಯಂತ್ರವೊಂದೇ ಆ ಗೆರೆಯ ಅರ್ಧಕ್ಕಿಂತ ಹೆಚ್ಚನ್ನು ನುಂಗುತ್ತದೆ. ಅದರ ಶಾಖವೂ ಚಳಿಗಾಲದ 1000 ವಾಟಿನ ಹೀಟರಿನಷ್ಟೇ. ಮೇ ತಿಂಗಳಿನಲ್ಲಿ ಚಿಕ್ಕ ಕೋಣೆಯಲ್ಲಿ ಅದರೊಡನೆ ಕುಳಿತುಕೊಳ್ಳುವವರು ಯಾರೆಂಬುದನ್ನೂ ಯೋಚಿಸಬೇಕು.

ಎರಡನೆಯ ಕಾರ್ಡು ಏಕೆ?

ಇಷ್ಟಾದ ಮೇಲೆ ಮೊದಲೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ಕೇಳಿದೆವು: “ತಮ್ಮಾ, ಎರಡು ಏಕೆ?”

ಎರಡು ಕಾರ್ಡುಗಳನ್ನು ಒಂದೇ ನೊಗಕ್ಕೆ ಕಟ್ಟಿ ಆಟ ನಡೆಸುವ ಎಸ್.ಎಲ್.ಐ. ಪದ್ಧತಿಯನ್ನು ಎನ್‌ವಿಡಿಯಾ ಸಂಸ್ಥೆಯು 2004ರಲ್ಲಿ ತಂದಿತ್ತು. ಹೊಸ ಆಟಗಳಿಗೆ ಬೇಕಾದ ಎಸ್.ಎಲ್.ಐ. ಪ್ರೊಫೈಲುಗಳನ್ನು ಸೇರಿಸುವುದನ್ನು ಅದೇ ಸಂಸ್ಥೆ 2021ರ ಜನವರಿ 1ರಿಂದ ನಿಲ್ಲಿಸಿತು. 2022ರ 4090 ಕಾರ್ಡಿನಲ್ಲಿ ಎರಡನ್ನು ಬೆಸೆಯುವ ಕೊಂಡಿಯೇ ಇಲ್ಲ. ಇಂದಿನ ಆಟಗಳಲ್ಲಿ ಎರಡನೆಯ ಕಾರ್ಡು ಬಹುಮಟ್ಟಿಗೆ ಸುಮ್ಮನೆ ಕುಳಿತಿರುತ್ತದೆ.

ಹುಡುಗನು ಸ್ವಲ್ಪ ಹೊತ್ತು ತಲೆ ತಗ್ಗಿಸಿದ್ದು, ಬಳಿಕ ನಿಜವನ್ನು ಹೇಳಿದನು. ಆಟ ಒಂದು ನೆಪ. ಬ್ಲೆಂಡರ್ ಎಂಬ ತಂತ್ರಾಂಶದಲ್ಲಿ ಚಲಿಸುವ ಚಿತ್ರಗಳನ್ನು ಮಾಡಲು ಕಲಿಯುತ್ತಿದ್ದಾನೆ, ಅದರಿಂದಲೇ ಸಂಪಾದಿಸಬೇಕೆಂದಿದ್ದಾನೆ, ಆದರೆ ಅಪ್ಪನಿಗೆ ಹೇಳಲು ಸಂಕೋಚ. ಆ ಕೆಲಸಕ್ಕೆ ಎರಡು ಕಾರ್ಡುಗಳು ನಿಜವಾಗಿ ದುಡಿಯುತ್ತವೆ. ತಂದೆಯವರು ಮಾತನಾಡಲಿಲ್ಲ, ಮಗನ ಮುಖವನ್ನೇ ನೋಡುತ್ತಿದ್ದರು.

ನಾವು ಹೇಳಿದ್ದು ಇಷ್ಟು: ಈಗ ಒಂದು ಕಾರ್ಡು ಸಾಕು. ಒಂದೇ 3090ಕ್ಕೆ ತಯಾರಕರು ಸೂಚಿಸಿರುವುದು 750 ವಾಟ್. ಆದರೆ ಸಂಪಾದನೆ ಆರಂಭವಾದೊಡನೆ ಎರಡನೆಯದು ಬರುವುದು ಖಂಡಿತವಿದ್ದರೆ, 1200 ವಾಟಿನ ಒಳ್ಳೆಯ ಪೆಟ್ಟಿಗೆಯನ್ನು ಈಗಲೇ ಕೊಳ್ಳಿ. ಎರಡು ಸಲ ಕೊಳ್ಳುವ ಖರ್ಚು ಉಳಿಯುತ್ತದೆ. ಗಾಜಿನ ಕ್ಯಾಬಿನೆಟ್ಟನ್ನು ಬಿಡಿ. ಪಿಂಕ್ ಲೈನಿನಲ್ಲಿ ಲಜಪತ್ ನಗರಕ್ಕೆ ಹೋಗಿ, ಅಲ್ಲಿ ವಯಲೆಟ್ ಲೈನಿಗೆ ಬದಲಾಯಿಸಿದರೆ ನೆಹರೂ ಪ್ಲೇಸ್. ನಾಲ್ಕು ಅಂಗಡಿಗಳಲ್ಲಿ ದರ ಕೇಳಿ, ಮುದ್ರೆ ಒಡೆಯದ ಪೆಟ್ಟಿಗೆಯನ್ನು ರಸೀತಿ ಸಮೇತ ತನ್ನಿ. ರಸೀತಿಯಿಲ್ಲದೆ ವಾರಂಟಿಯಿಲ್ಲ.

ಹುಡುಗನು ಚೀಟಿಯ ಹಿಂಬದಿಯಲ್ಲಿ ಹೊಸ ಪಟ್ಟಿಯನ್ನು ಬರೆದನು. ಎಸ್.ಎಂ.ಪಿ.ಎಸ್. ಮೊದಲನೆಯ ಸಾಲಿಗೆ ಬಂದಿತ್ತು. ಎರಡನೆಯ ಸಾಲಿನಲ್ಲಿ ತಂದೆಯವರೇ “16 ಆಂಪಿಯರ್ ಸಾಕೆಟ್ಟು” ಎಂದು ಬರೆಯಿಸಿದರು.

ಬೆವರು ಸುರಿಸಿ ಕೂಡಿಟ್ಟ ಹಣದಿಂದ ಮಕ್ಕಳಿಗೆ ಇಂತಹ ಯಂತ್ರಗಳನ್ನು ಕೊಡಿಸುವ ವಾಚಕ ಬಂಧುಗಳು ನಮ್ಮಲ್ಲಿ ಹಲವರಿದ್ದಾರೆ. ಅವರಲ್ಲಿ ನಮ್ಮ ವಿನಂತಿ ಒಂದೇ: ಪಟ್ಟಿಯ ಕೊನೆಯ ಸಾಲನ್ನು ಮೊದಲು ಓದಿರಿ, ಮತ್ತು ಈ ಯಂತ್ರ ಏತಕ್ಕೆಂದು ಮಕ್ಕಳನ್ನು ಒಮ್ಮೆ ಹತ್ತಿರ ಕೂರಿಸಿಕೊಂಡು ಕೇಳಿರಿ.