ಮುಖ ನೋಡಿ ಮಣೆ ಹಾಕಬಹುದು, ಮನಸ್ಸನ್ನು ಅಳೆಯಬಹುದೆ?

ಹೋಟೆಲಿನ ಗಲ್ಲಾದ ಹಿಂದೆ ಹತ್ತು ವರ್ಷ ಕುಳಿತವನಿಗೆ ಒಂದು ಬಗೆಯ ಅಹಂಭಾವ ಬಂದೇ ಬರುತ್ತದೆ. ಬಾಗಿಲೊಳಗೆ ಕಾಲಿಟ್ಟ ಗಿರಾಕಿಯು ಹಸಿದು ಬಂದವನೋ, ಒಂದೇ ಚಹಾದಲ್ಲಿ ಎರಡು ಗಂಟೆ ಕಳೆಯಲು ಬಂದವನೋ, ಕಡೆಯಲ್ಲಿ ಉದ್ರಿ ಹೇಳುವವನೋ ಎಂಬುದನ್ನು ಅವನ ನಡಿಗೆಯಿಂದಲೇ ತಿಳಿಯಬಲ್ಲೆನೆಂದು ಅವನು ನಂಬಿರುತ್ತಾನೆ. ‘ಮುಖ ನೋಡಿ ಮಣೆ ಹಾಕು’ ಎಂದು ನಮ್ಮ ಹಿರಿಯರೂ ಹೇಳಿದ್ದಾರಷ್ಟೆ. ಈ ಲೇಖಕನೂ ಆ ಅಹಂಭಾವಕ್ಕೆ ಹೊರತಾಗಿರಲಿಲ್ಲ.

ಇದೇ ಮುಖಪರೀಕ್ಷೆಯನ್ನು ಜನರು ಇನ್ನೊಂದು ವಿಷಯಕ್ಕೂ ಹಚ್ಚುವುದುಂಟು. ಗಂಡಸಿನ ಒಲವು ಗಂಡಸಿನ ಕಡೆಗೂ, ಹೆಂಗಸಿನ ಒಲವು ಹೆಂಗಸಿನ ಕಡೆಗೂ ಹರಿಯುವುದು ಕೆಲವರ ಪ್ರಕೃತಿ. ಅಂಥವರನ್ನು ನೋಡಿದ ಮಾತ್ರಕ್ಕೆ ಗುರುತಿಸಬಹುದೆಂದು ಹೇಳುವವರು ಎಲ್ಲೆಲ್ಲಿಯೂ ಇದ್ದಾರೆ. ಪಾಶ್ಚಾತ್ಯರು ಈ ಊಹಾಶಕ್ತಿಗೆ ‘ಗೇಡಾರ್’ ಎಂದು ಹೆಸರಿಟ್ಟಿದ್ದಾರೆ. ಕಣ್ಣಿಗೆ ಕಾಣದ ವಿಮಾನವನ್ನು ರೇಡಾರ್ ಯಂತ್ರವು ಪತ್ತೆಹಚ್ಚುವಂತೆ, ಮನುಷ್ಯನ ಅಂತರಂಗದ ಒಲವನ್ನು ಮತ್ತೊಬ್ಬನ ಕಣ್ಣು ಪತ್ತೆಹಚ್ಚುತ್ತದೆಂಬುದು ಅದರ ತಾತ್ಪರ್ಯ. ಇದು ನಿಜವೆ? ನಿಜವಾದರೆ ಎಷ್ಟರ ಮಟ್ಟಿಗೆ? ಈ ಪ್ರಶ್ನೆಯನ್ನು ಸಭ್ಯರು ಎತ್ತಬಾರದೆಂದು ಕೆಲವು ವಾಚಕರು ಭಾವಿಸಬಹುದು. ಆದರೆ ಸಭ್ಯರು ಎತ್ತದ ಪ್ರಶ್ನೆಗೆ ಅಸಭ್ಯರು ಉತ್ತರ ಹೇಳುತ್ತ ಬಂದಿದ್ದಾರೆ. ಆ ಉತ್ತರದಿಂದ ನೊಂದವರನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಒಬ್ಬ ಮಾಣಿಯ ಕಥೆ

ನನ್ನ ಹೋಟೆಲಿನಲ್ಲಿ ಕುಂದಾಪುರದ ಕಡೆಯ ಹುಡುಗನೊಬ್ಬ ಮಾಣಿಯಾಗಿದ್ದನು. ಮೆಲುದನಿ, ನಯವಾದ ನಡಿಗೆ. ಕೈಯನ್ನು ಬಳುಕಿಸಿ ಮಾತನಾಡುವುದು ಅವನ ವಾಡಿಕೆ. ಊರಿನಲ್ಲಿ ಯಕ್ಷಗಾನದ ಸ್ತ್ರೀವೇಷ ಕಲಿತವನಾದುದರಿಂದ ಇಲ್ಲಿ ನಮ್ಮವರು ಆಡಿದ ಪ್ರಸಂಗವೊಂದರಲ್ಲಿಯೂ ಅವನಿಗೆ ಸ್ತ್ರೀಪಾತ್ರವೇ ದೊರೆಯಿತು. ಅಂದು ರಾತ್ರಿ ಚಪ್ಪಾಳೆ ತಟ್ಟಿದವರೇ ಮರುದಿನ ಅವನಿಗೊಂದು ಅಡ್ಡಹೆಸರಿಟ್ಟರು. ಹುಡುಗರು ಮಲಗುವ ಮಾಳಿಗೆಯಲ್ಲಿ ಅವನ ಪಕ್ಕ ಚಾಪೆ ಹಾಸಲು ಯಾರೂ ಒಪ್ಪದಾದರು. ಅವನು ಬಡಿಸಿದಾಗ ಕಣ್ಣು ಮಿಟುಕಿಸುವ ಗಿರಾಕಿಗಳೂ ಹುಟ್ಟಿಕೊಂಡರು. ಗಲ್ಲಾದಲ್ಲಿ ಕುಳಿತು ನಾನು ಇದೆಲ್ಲವನ್ನೂ ಕಂಡೆನು, ಹುಡುಗಾಟವೆಂದು ಸುಮ್ಮನಿದ್ದೆನು. ಎರಡು ತಿಂಗಳಲ್ಲಿ ಅವನು ಪೆಟ್ಟಿಗೆ ಎತ್ತಿಕೊಂಡು ಹೊರಟುಹೋದನು. ಬಾಕಿ ಸಂಬಳವನ್ನು ಕೇಳಲು ಸಹ ಬರಲಿಲ್ಲ.

ಅವನ ಒಲವು ಯಾವ ಕಡೆಗಿತ್ತೆಂದು ನಾನು ಅವನನ್ನು ಕೇಳಿರಲಿಲ್ಲ; ಕೇಳುವ ಅಧಿಕಾರವೂ ನನಗಿರಲಿಲ್ಲ. ಆದರೆ ಮೆಲುದನಿಯೂ ಸ್ತ್ರೀವೇಷವೂ ಅದಕ್ಕೆ ಪುರಾವೆಯಾಗಲಾರವೆಂಬುದನ್ನು ಕರಾವಳಿಯವನಾದ ನಾನೇ ಎಲ್ಲರಿಗಿಂತ ಮೊದಲು ಹೇಳಬೇಕಾಗಿತ್ತು. ತಲೆಮಾರುಗಳಿಂದ ನಮ್ಮ ಮೇಳಗಳಲ್ಲಿ ದಮಯಂತಿ, ದ್ರೌಪದಿಯರಾಗಿ ಕುಣಿದವರು ಗಂಡಸರೇ ಅಲ್ಲವೆ? ಅವರಲ್ಲಿ ಹೆಂಡತಿ ಮಕ್ಕಳೊಡನೆ ಸಂಸಾರ ಮಾಡಿದವರು ಲೆಕ್ಕವಿಲ್ಲದಷ್ಟು ಮಂದಿ. ಕಲೆ ಬೇರೆ, ಕಂಠ ಬೇರೆ, ಒಲವು ಬೇರೆ.

ಕೆನಡಾ ಸರ್ಕಾರದ ಯಂತ್ರ

ಹೋಟೆಲಿನ ಹುಡುಗರ ತಪ್ಪನ್ನು ವಿದ್ಯಾವಂತ ಸರ್ಕಾರಗಳೂ ಮಾಡಿವೆ. ಅಮೇರಿಕಾದ ಅಧ್ಯಕ್ಷ ಐಸೆನ್‌ಹೋವರ್ 1953ರಲ್ಲಿ ಹೊರಡಿಸಿದ ಆಜ್ಞೆಯೊಂದರ ಬಲದಿಂದ ಸಲಿಂಗಾಸಕ್ತರೆಂಬ ಕಾರಣಕ್ಕೆ ಸರ್ಕಾರಿ ನೌಕರರನ್ನು ಹುಡುಕಿ ಹುಡುಕಿ ವಜಾ ಮಾಡಲಾಯಿತು. ಶತ್ರುರಾಷ್ಟ್ರದ ಗೂಢಚಾರರು ಅಂಥವರನ್ನು ಬೆದರಿಸಿ ರಹಸ್ಯಗಳನ್ನು ಕಸಿಯುವರೆಂಬ ಭೀತಿಯೇ ಇದಕ್ಕೆ ಕೊಟ್ಟ ನೆಪ. 1957ರಲ್ಲಿ ಸೈನ್ಯದ ನಕಾಶೆ ಇಲಾಖೆಯಿಂದ ಹೊರದೂಡಲ್ಪಟ್ಟ ಖಗೋಳ ವಿಜ್ಞಾನಿ ಫ್ರಾಂಕ್ ಕಾಮೆನಿಯವರಿಗೆ ಸರ್ಕಾರವು ಕ್ಷಮೆ ಕೇಳಿದ್ದು 2009ರಲ್ಲಿ. ಅಂದರೆ 52 ವರ್ಷಗಳ ಅನಂತರ.

ನೆರೆಯ ಕೆನಡಾ ದೇಶವು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿನ ಪೊಲೀಸರು ಸಂಶಯಕ್ಕೆ ಗುರಿಯಾದ ಸಾವಿರಾರು ಜನರ ಹೆಸರುಗಳನ್ನು ಕಡತಗಳಲ್ಲಿ ಸೇರಿಸಿದ್ದರು. ಆದರೆ ಸಂಶಯವೇ ಸಾಕ್ಷ್ಯವಾಗದಷ್ಟೆ. ಆದಕಾರಣ 1960ರ ದಶಕದಲ್ಲಿ ಕಾರ್ಲ್ಟನ್ ವಿಶ್ವವಿದ್ಯಾಲಯದ ಮನಃಶಾಸ್ತ್ರಜ್ಞ ಫ್ರಾಂಕ್ ರಾಬರ್ಟ್ ವೇಕ್ ಎಂಬವರಿಗೆ ಪರೀಕ್ಷಾಯಂತ್ರವೊಂದನ್ನು ಸಿದ್ಧಪಡಿಸುವ ಕೆಲಸ ಬಂದಿತು. ಮನುಷ್ಯನನ್ನು ಕುರ್ಚಿಯಲ್ಲಿ ಕುಳ್ಳಿರಿಸಿ, ಗಂಡು ಹೆಣ್ಣುಗಳ ಚಿತ್ರಗಳನ್ನು ತೋರಿಸುತ್ತ, ಅವನ ಕಣ್ಣಿನ ಪಾಪೆ ಎಷ್ಟು ಹಿಗ್ಗಿತೆಂದು ಕ್ಯಾಮರಾದಿಂದ ಅಳೆಯುವುದು ಅದರ ಕ್ರಮ. ಆದರೆ ಚಿತ್ರದ ಬೆಳಕು ಹೆಚ್ಚು ಕಡಿಮೆಯಾದರೂ ಪಾಪೆ ಕುಗ್ಗಿ ಹಿಗ್ಗುತ್ತದೆ. ಒಬ್ಬನ ಎತ್ತರವಿದ್ದಂತೆ ಇನ್ನೊಬ್ಬನದಿಲ್ಲ, ಒಬ್ಬನ ಕಣ್ಣಿದ್ದಂತೆ ಇನ್ನೊಬ್ಬನದಿಲ್ಲ. ತಮ್ಮ ಮೇಲೆಯೇ ಯಂತ್ರವನ್ನು ಪ್ರಯೋಗಿಸಲು ಪೊಲೀಸರು ಸಹ ಹಿಂಜರಿದರಂತೆ! ಕಡೆಗೂ ಅದು ಕೆಲಸ ಮಾಡಲಿಲ್ಲ, 1967ರಲ್ಲಿ ಕೈಬಿಡಲಾಯಿತು. ಯಂತ್ರ ಸೋತರೂ ಸಂಶಯ ಸೋಲಲಿಲ್ಲ. ಬೇಹುಗಾರಿಕೆಯೂ ವಜಾ ಮಾಡುವುದೂ ಮುಂದೆಯೂ ನಡೆದವು. 2017ರ ನವೆಂಬರ್ 28ರಂದು ಪ್ರಧಾನಿ ಜಸ್ಟಿನ್ ಟ್ರುಡೋ ಅವರು ಪಾರ್ಲಿಮೆಂಟಿನಲ್ಲಿ ನಿಂತು ದೇಶದ ಪರವಾಗಿ ಕ್ಷಮೆ ಬೇಡಿದರು. ಅಷ್ಟರಲ್ಲಿ ನೊಂದವರಲ್ಲಿ ಅನೇಕರು ತೀರಿಕೊಂಡಿದ್ದರು. ನಮ್ಮ ವಾಚಕರಂತೆ ಅವರಲ್ಲಿಯೂ ಬಹು ಮಂದಿ ಕಚೇರಿಯ ಗುಮಾಸ್ತರು, ಸಾಮಾನ್ಯ ನೌಕರರು.

ಲೆಕ್ಕ ಏನು ಹೇಳುತ್ತದೆ?

ಹಾಗಾದರೆ ಮನುಷ್ಯನ ಕಣ್ಣಿಗೆ ಏನೂ ತಿಳಿಯುವುದೇ ಇಲ್ಲವೆ? ಪಕ್ಷಪಾತವಿಲ್ಲದೆ ಹೇಳುವುದಾದರೆ, ಸ್ವಲ್ಪ ತಿಳಿಯುತ್ತದೆಂದು ಕೆಲವು ಪ್ರಯೋಗಗಳು ತೋರಿಸಿವೆ. ಭಾರತದಲ್ಲಿ ಹುಟ್ಟಿದ ಮನಃಶಾಸ್ತ್ರಜ್ಞೆ ನಳಿನಿ ಅಂಬಾಡಿಯವರು ತಮ್ಮ ಸಹೋದ್ಯೋಗಿಗಳೊಡನೆ 1999ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಅಪರಿಚಿತರ ಹತ್ತು ಸೆಕೆಂಡುಗಳ ಮೂಕ ಚಲನಚಿತ್ರವನ್ನು ನೋಡಿದವರ ಊಹೆಯು ನಾಣ್ಯ ಚಿಮ್ಮಿ ಹೇಳುವುದಕ್ಕಿಂತ ಹೆಚ್ಚು ಸರಿಯಾಗಿತ್ತು. ಇಂಥ ಅನೇಕ ಪ್ರಯೋಗಗಳಲ್ಲಿ ಸರಿಯುತ್ತರವು ನೂರಕ್ಕೆ ಸುಮಾರು 60ರಿಂದ 65ರಷ್ಟು ಬಂದಿದೆ.

ಆದರೆ ಇಲ್ಲಿಯೇ ಒಂದು ಮೋಸವಿದೆ. ಜಮಾಖರ್ಚು ಬರೆದು ಬಲ್ಲ ಗುಮಾಸ್ತ ಬಂಧುಗಳು ಅದನ್ನು ಕೂಡಲೇ ಹಿಡಿಯುವರು. ಇಂಥ ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಅರ್ಧದಷ್ಟು ಸಲಿಂಗಾಸಕ್ತರ ಚಿತ್ರಗಳನ್ನೂ ಅರ್ಧದಷ್ಟು ಇತರರ ಚಿತ್ರಗಳನ್ನೂ ಇಟ್ಟಿರುತ್ತಾರೆ. ಲೋಕದಲ್ಲಿ ಹಾಗಿಲ್ಲ. ಲೆಕ್ಕದ ಅನುಕೂಲಕ್ಕಾಗಿ, 100 ಜನರಿರುವ ಕಚೇರಿಯಲ್ಲಿ 5 ಮಂದಿ ಸಲಿಂಗಾಸಕ್ತರೆಂದು ಇಟ್ಟುಕೊಳ್ಳೋಣ. ನಮ್ಮ ಊಹೆ ನೂರಕ್ಕೆ 60ರಷ್ಟು ಸರಿಯೆಂದೂ ಒಪ್ಪೋಣ. ಆಗ ಆ ಐವರಲ್ಲಿ 3 ಮಂದಿಯನ್ನು ಗುರುತಿಸುತ್ತೇವೆ. ಉಳಿದ 95 ಮಂದಿಯಲ್ಲಿ ನೂರಕ್ಕೆ 40ರಂತೆ 38 ಜನರನ್ನು ತಪ್ಪಾಗಿ ಆ ಪಟ್ಟಿಗೆ ಸೇರಿಸುತ್ತೇವೆ. ಒಟ್ಟು 41 ಜನರತ್ತ ಬೆರಳು ತೋರಿಸಿದಂತಾಯಿತು. ಅದರಲ್ಲಿ ಸರಿಯಾದುದು ಮೂರೇ ಮೂರು! ಇಂಥ ಲೆಕ್ಕಪುಸ್ತಕ ಬರೆದವನನ್ನು ಯಾವ ಧಣಿಯಾದರೂ ಒಂದು ದಿನ ಇಟ್ಟುಕೊಂಡಾನೆ?

ಇಷ್ಟೇ ಅಲ್ಲ. ಅಮೇರಿಕಾದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಹಳೆಯ ಪ್ರಯೋಗಗಳನ್ನು ಒರೆಗೆ ಹಚ್ಚಿದಾಗ, ಸಲಿಂಗಾಸಕ್ತರು ಹಾಕಿಕೊಂಡಿದ್ದ ಛಾಯಾಚಿತ್ರಗಳೇ ಹೆಚ್ಚು ಅಂದವಾಗಿ ತೆಗೆದವುಗಳಾಗಿದ್ದುವೆಂದು ಕಂಡುಬಂದಿತು. ಚಿತ್ರಗಳ ಗುಣಮಟ್ಟವನ್ನು ಸಮಗೊಳಿಸಿದೊಡನೆ ನೋಡುಗರ ‘ದಿವ್ಯದೃಷ್ಟಿ’ ಮಾಯವಾಯಿತು. ಗೇಡಾರ್ ಎಂಬುದು ನಿಜವೆಂದು ಮೊದಲೇ ಹೇಳಿಸಿಕೊಂಡವರು ಇನ್ನಷ್ಟು ಧಾರಾಳವಾಗಿ ಹಣೆಪಟ್ಟಿ ಅಂಟಿಸಿದರೆಂಬುದೂ ಅದೇ ಸಂಶೋಧನೆಯಲ್ಲಿ ತಿಳಿದುಬಂದಿತು. 2017ರಲ್ಲಿ ಸ್ಟಾನ್‌ಫರ್ಡಿನ ಇಬ್ಬರು, ಗಂಡಸರ ಒಂದೊಂದು ಚಿತ್ರದಿಂದಲೇ ನೂರಕ್ಕೆ 81ರಷ್ಟು ಸರಿಯಾಗಿ ಹೇಳಬಲ್ಲ ಕಂಪ್ಯೂಟರ್ ಕ್ರಮವನ್ನು ಪ್ರಕಟಿಸಿ ಕೋಲಾಹಲವೆಬ್ಬಿಸಿದರು. ಆದರೆ ಕನ್ನಡಕ, ಗಡ್ಡ, ಪ್ರಸಾಧನ, ಕ್ಯಾಮರಾ ಹಿಡಿದ ಕೋನ ಇವೇ ಅದಕ್ಕೆ ಸುಳಿವು ಕೊಟ್ಟಿರಬಹುದೆಂದು ಇತರ ವಿದ್ವಾಂಸರು ತೋರಿಸಿಕೊಟ್ಟರು. ಯಂತ್ರವು ಮುಖವನ್ನು ಓದಿತೋ, ಮುಖಕ್ಕೆ ಮಾಡಿಕೊಂಡ ಅಲಂಕಾರವನ್ನು ಓದಿತೋ?

ತಮ್ಮತಮ್ಮಲ್ಲಿ ಅವರು ಗುರುತಿಸಿಕೊಳ್ಳುತ್ತಾರಲ್ಲ ಎಂದು ಕೆಲವರು ಕೇಳಬಹುದು. ಗುರುತಿಸಿಕೊಳ್ಳುವುದುಂಟು. ಆದರೆ ಒಂದು ಮಾತು, ಒಂದು ನೋಟ, ಪರಿಚಿತ ಸ್ಥಳ, ಇವುಗಳ ಮೂಲಕ ಒಬ್ಬನು ತಿಳಿಸುತ್ತಾನೆ, ಇನ್ನೊಬ್ಬನು ತಿಳಿಯುತ್ತಾನೆ. ಪರವೂರಿನ ರೈಲಿನಲ್ಲಿ ಕನ್ನಡ ಕೇಳಿದೊಡನೆ ನಾವು ತಲೆಯೆತ್ತುವುದಿಲ್ಲವೆ? ಅದು ಕೊಟ್ಟ ಗುರುತು, ಕದ್ದ ಗುರುತಲ್ಲ.

ನನ್ನ ಎರಡನೆಯ ತಪ್ಪು

ನನ್ನಲ್ಲಿಗೆ ದಿನವೂ ರಾತ್ರಿ ಊಟಕ್ಕೆ ಬರುತ್ತಿದ್ದ ಗುಮಾಸ್ತರೊಬ್ಬರಿದ್ದರು. ಧಾರವಾಡದ ಕಡೆಯವರು; ದಪ್ಪ ಮೀಸೆ, ಗಡಸು ದನಿ. ಇಂಥ ಗಂಭೀರ ಪುರುಷರು ಅವಿವಾಹಿತರಾಗಿರುವುದನ್ನು ಸಹಿಸಲಾರದೆ ನಾನೇ ಮೂರು ಸಂಬಂಧಗಳನ್ನು ತಂದೆನು. ಮೂರು ಸಲವೂ ಏನಾದರೊಂದು ನೆಪ ಹೇಳಿದರು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು, ಪ್ರಾಪ್ತವಯಸ್ಕರ ಪರಸ್ಪರ ಸಮ್ಮತಿಯ ಸಲಿಂಗ ಸಂಬಂಧವು ಅಪರಾಧವಲ್ಲವೆಂದು ತೀರ್ಪಿತ್ತರು. 1860ರಲ್ಲಿ ಬ್ರಿಟಿಷರು ರಚಿಸಿದ ದಂಡಸಂಹಿತೆಯ 377ನೆಯ ಕಲಮಿನ ಭಯ ಅಂದಿಗೆ ತೊಲಗಿತು. ಅದೇ ವಾರ, ಗಿರಾಕಿಗಳೆಲ್ಲ ಹೋದ ಮೇಲೆ, ಅವರು ಗಲ್ಲಾದ ಬಳಿ ನಿಂತರು.

“ಶೆಟ್ಟರೇ, ನೀವು ಮೂರು ಸಲ ಹೆಣ್ಣು ತೋರಿಸಿದಿರಿ. ಮೂರು ಸಲವೂ ನಾನು ಸುಳ್ಳು ಹೇಳಿದೆ. ನನ್ನ ಮನಸ್ಸು ಹೆಂಗಸರ ಕಡೆಗೆ ಹೋಗುವಂಥದ್ದಲ್ಲ.”

ನನಗೆ ಮಾತೇ ಹೊರಡಲಿಲ್ಲ. ಅವರೇ ಮುಂದುವರಿಸಿದರು: “ನಿಮ್ಮ ಹುಡುಗರು ಆ ಮಾಣಿಯನ್ನು ಗೇಲಿ ಮಾಡುತ್ತಿದ್ದಾಗ ನಾನು ಆ ಮೂಲೆಯಲ್ಲಿ ಕುಳಿತು ಉಣ್ಣುತ್ತಿದ್ದೆ. ಒಂದು ಮಾತು ಆಡಲು ಧೈರ್ಯವಾಗಲಿಲ್ಲ. ಅವನಿಗಾದದ್ದು ನಾಳೆ ನನಗೂ ಆದೀತೆಂದು ಹೆದರಿದೆ.”

ವಾಚಕರೇ, ಇದೇ ನಮ್ಮ ಮುಖಪರೀಕ್ಷೆಯ ಫಲ. ಯಾರನ್ನು ಕಂಡು ನಕ್ಕೆವೋ ಅವನ ಬಗೆಗೆ ನಮಗೇನೂ ತಿಳಿದಿರಲಿಲ್ಲ. ಯಾರು ನಮ್ಮೆದುರಿಗೇ ಕುಳಿತಿದ್ದರೋ ಅವರನ್ನು ನಾವು ಅರಿಯಲಿಲ್ಲ. ಒಬ್ಬನು ಕೆಲಸ ಕಳೆದುಕೊಂಡನು. ಇನ್ನೊಬ್ಬರು ವರ್ಷಗಟ್ಟಲೆ ಬಾಯಿಮುಚ್ಚಿ ಉಂಡರು. ಲೇಖಕ ವಸುಧೇಂದ್ರರು 2013ರಲ್ಲಿ ‘ಮೋಹನಸ್ವಾಮಿ’ ಕಥಾಸಂಕಲನವನ್ನು ಪ್ರಕಟಿಸಿ ತಮ್ಮ ಒಲವನ್ನು ಬಹಿರಂಗವಾಗಿ ಹೇಳಿಕೊಂಡರು. ಅದಕ್ಕೆ ಮೊದಲು ಅವರ ಪುಸ್ತಕಗಳನ್ನು ಮೆಚ್ಚಿ ಓದಿದವರಲ್ಲಿ ಎಷ್ಟು ಮಂದಿಗೆ ಅದರ ಸುಳಿವಿತ್ತು? ತಾನಾಗಿ ಹೇಳಿದಾಗಲೇ ತಿಳಿಯುವಂಥ ವಿಷಯವಿದು.

ಒಂದೇ ಕೋಣೆಯಲ್ಲಿ ಹತ್ತು ಮಂದಿ ಮಲಗುವ ನಮ್ಮ ಹೋಟೆಲ್ ಕಾರ್ಮಿಕ ಬಂಧುಗಳಲ್ಲಿ ನನ್ನದೊಂದು ವಿಜ್ಞಾಪನೆ. ನಡಿಗೆ ಕಂಡು, ದನಿ ಕೇಳಿ, ಯಾರಿಗೂ ಹೆಸರಿಡಬೇಡಿರಿ. ಊಹೆ ತಪ್ಪಾದರೆ ಒಬ್ಬ ನಿರಪರಾಧಿಯನ್ನು ನೋಯಿಸಿದಂತಾಯಿತು; ಸರಿಯಾದರೂ ನೋಯಿಸಿದ್ದು ನಿರಪರಾಧಿಯನ್ನೇ. ಧಣಿಗಳಾದವರು ಗಲ್ಲಾದಲ್ಲಿ ಕುಳಿತು ನನ್ನಂತೆ ಸುಮ್ಮನಿರಬಾರದು. ಸಂಬಂಧ ಕುದುರಿಸುವ ಹಿರಿಯರು, ಒಲ್ಲೆನೆಂದವರನ್ನು ಒಮ್ಮೆಗೇ ಬಿಟ್ಟುಬಿಡಲಿ. ಯಾರಾದರೂ ತಾವಾಗಿಯೇ ಬಂದು ಮನಸ್ಸು ಬಿಚ್ಚಿದರೆ ಕಿವಿಗೊಟ್ಟು ಕೇಳಿ, ಆ ಮಾತನ್ನು ಅಲ್ಲಿಯೇ ಇಟ್ಟುಕೊಳ್ಳುವುದು ನಮ್ಮ ಧರ್ಮ.

ಆ ಗುಮಾಸ್ತರು ಮರುದಿನವೂ ಊಟಕ್ಕೆ ಬಂದರು. ನಾನು ಎಂದಿನಂತೆ “ಬನ್ನಿ, ಕುಳಿತುಕೊಳ್ಳಿ” ಎಂದೆನು. ಅವರ ಮುಖದಲ್ಲಿ ಕಂಡ ನೆಮ್ಮದಿಯನ್ನು ಗುರುತಿಸಲು ಮಾತ್ರ ಯಾವ ವಿದ್ಯೆಯೂ ಬೇಕಾಗಿರಲಿಲ್ಲ.