ವಿಮೆ, ಯಂತ್ರ ಮತ್ತು ಎರಡನೆಯ ಪತ್ರ

ಜೀವವಿಮೆಯ ವ್ಯವಹಾರದಲ್ಲಿ ಮೊದಲನೆಯ ಪತ್ರ ಬರೆಯುವುದು ಕಷ್ಟವಲ್ಲ. ಯುಗಾದಿಗೋ ರಾಜ್ಯೋತ್ಸವಕ್ಕೋ ಸಭಾಂಗಣದ ಹೊರಗೆ ಮೇಜು ಹಾಕಿಕೊಂಡು ಕುಳಿತ ನಮ್ಮಂಥ ಪ್ರತಿನಿಧಿಗಳಿಗೆ, ಊಟದ ಸಾಲಿನಲ್ಲಿ ನಿಂತವರು ಸೌಜನ್ಯಕ್ಕೆಂದು ಹೆಸರು, ಇ-ಮೇಲ್ ವಿಳಾಸ ಬರೆದುಕೊಟ್ಟು ಹೋಗುತ್ತಾರೆ. ವೃತ್ತಿಯ ಭಾಷೆಯಲ್ಲಿ ಇಂಥ ಒಂದೊಂದು ಹೆಸರೂ ಒಂದು ‘ಲೀಡ್’. ಮರುದಿನ ವಂದನೆ ತಿಳಿಸಿ ನಾಲ್ಕು ಸಾಲು ಬರೆದರಾಯಿತು. ಉತ್ತರ ಬಾರದಿದ್ದಾಗ ಎರಡನೆಯ, ಮೂರನೆಯ ಪತ್ರ ಬರೆಯಬೇಕಾಗುತ್ತದಲ್ಲ, ಕಷ್ಟವಿರುವುದು ಅಲ್ಲಿ. ಸುಮ್ಮನಿರುವವರನ್ನು ಪೀಡಿಸಿದಂತಾಗಬಾರದು; ಮರೆತವರಿಗೆ ನೆನಪಿಸದೆ ಇರಲೂಬಾರದು. ಸಂಕೋಚವು ನಮ್ಮವರ ಹುಟ್ಟುಗುಣ. ಎಷ್ಟೋ ಮಂದಿ ಈ ಘಟ್ಟದಲ್ಲಿಯೇ ಸೋತು ವೃತ್ತಿಯನ್ನು ಬಿಟ್ಟಿದ್ದಾರೆ.

ಊರಿನಲ್ಲಿ ಈ ತೊಡಕು ಇರಲಿಲ್ಲ. 1956ರ ಸೆಪ್ಟೆಂಬರ್ 1ರಂದು ಸ್ಥಾಪಿತವಾದ ಭಾರತೀಯ ಜೀವವಿಮಾ ನಿಗಮದ ಏಜೆಂಟರನ್ನು ನಾವೆಲ್ಲ ಬಾಲ್ಯದಲ್ಲಿ ಕಂಡವರೇ. ಅವರು ಪತ್ರ ಬರೆಯುತ್ತಿರಲಿಲ್ಲ, ಮನೆಗೇ ಬರುತ್ತಿದ್ದರು. ಪಡಸಾಲೆಯಲ್ಲಿ ಕುಳಿತು ಕಾಫಿ ಕುಡಿದು, ಮಕ್ಕಳ ಅಂಕಗಳನ್ನು ವಿಚಾರಿಸಿ, ಕೊನೆಗೆ ಚೀಲದಿಂದ ಕಾಗದ ತೆಗೆಯುತ್ತಿದ್ದರು. ಮನೆಯಲ್ಲಿ ಮದುವೆಯೋ ಸೂತಕವೋ ಎಂಬುದು ಬೀದಿಯ ತಿರುವಿನಲ್ಲಿಯೇ ಅವರಿಗೆ ತಿಳಿದುಹೋಗುತ್ತಿತ್ತು. ಫ್ರೀಮಾಂಟಿನಲ್ಲಿಯೋ ಸನಿವೇಲಿನಲ್ಲಿಯೋ ಹೇಳದೆ ಕೇಳದೆ ಬಾಗಿಲು ತಟ್ಟುವಂತಿಲ್ಲ. ಇಲ್ಲಿ ನಮಗಿರುವುದು ಪತ್ರವೊಂದೇ.

2022ರ ನವೆಂಬರ್ 30ರಂದು ಸ್ಯಾನ್ ಫ್ರಾನ್ಸಿಸ್ಕೊದ ಓಪನ್‌ಎಐ ಸಂಸ್ಥೆಯು ಚಾಟ್‌ಜಿಪಿಟಿಯನ್ನು ಸಾರ್ವಜನಿಕರಿಗೆ ತೆರೆದ ಬಳಿಕ ಈ ಪತ್ರವನ್ನು ಬರೆಯಲು ಯಂತ್ರವೊಂದು ಸಿಕ್ಕಿತು. ನಾನೂ ಅದನ್ನು ಬಳಸುತ್ತೇನೆ. ಅದರ ಉಪಕಾರವನ್ನು ಅಲ್ಲಗಳೆಯಲಾರೆ. ಯಂತ್ರಕ್ಕೆ ಸಂಕೋಚವಿಲ್ಲ. ಅವಧಿ ವಿಮೆಗೂ ಆಜೀವ ವಿಮೆಗೂ ಇರುವ ಭೇದವನ್ನು ಆರು ಸಾಲಿನಲ್ಲಿ ಬಿಡಿಸಿ ಹೇಳೆಂದರೆ ಕ್ಷಣದಲ್ಲಿ ಹೇಳುತ್ತದೆ. ನನ್ನ ಇಂಗ್ಲಿಷಿನ ಒರಟನ್ನು ತೀಡುತ್ತದೆ. ಪತ್ರದ ಆರಂಭದಲ್ಲಿ ತಪ್ಪದೆ ಕ್ಷೇಮಸಮಾಚಾರ ಕೇಳುವುದನ್ನು ಕಂಡಾಗ ನಮ್ಮ ಹಿರಿಯರ ‘ಉಭಯ ಕುಶಲೋಪರಿ ಸಾಂಪ್ರತ’ ನೆನಪಾಗಿ ನಗು ಬರುತ್ತದೆ. ಸಂಪ್ರದಾಯಪಾಲನೆಯಲ್ಲಿ ಅದು ನಮ್ಮ ಅಜ್ಜಂದಿರಿಗೇನೂ ಕಡಿಮೆಯಿಲ್ಲ.

ಆದರೆ ಅದಕ್ಕೆ ಗ್ರಾಹಕರ ಪರಿಚಯವಿಲ್ಲ. ಒಂದು ಮಾತಿನ ಮುಂದೆ ಯಾವ ಮಾತು ಬಂದರೆ ಸಹಜವೆಂದು, ಓದಿದ ಅಪಾರ ಬರಹಗಳ ಆಧಾರದಿಂದ ಅದು ಅಂದಾಜು ಮಾಡುತ್ತದೆ. ಮಾರಾಟದ ಪತ್ರವೆಂದೊಡನೆ ಮಾರಾಟಗಾರರ ಆತುರವೂ ಬಂದುಬಿಡುತ್ತದೆ. ವೈದ್ಯಕೀಯ ಪರೀಕ್ಷೆ ಅಗತ್ಯವಿಲ್ಲವೆಂದು ನಾನು ಹೇಳದ ಮಾತನ್ನು ಒಮ್ಮೆ ಕರಡಿನಲ್ಲಿ ಸೇರಿಸಿತ್ತು. ಷೇರು ಸೂಚ್ಯಂಕಕ್ಕೆ ಹೊಂದಿಸಿದ ಪಾಲಿಸಿಯೊಂದರ ಅಂದಾಜು ಬೆಳವಣಿಗೆಯನ್ನು ಇನ್ನೊಮ್ಮೆ ‘ಖಚಿತ’ ಎಂದಿತ್ತು. ಎರಡನ್ನೂ ಹೊಡೆದುಹಾಕಿದೆ. ಸಹಿ ನನ್ನದಾದ ಮೇಲೆ ಮಾತೂ ನನ್ನದೇ. ಕ್ಯಾಲಿಫೋರ್ನಿಯಾದ ವಿಮಾ ಸಂಹಿತೆಯು ಪಾಲಿಸಿಯ ಬಗ್ಗೆ ಸುಳ್ಳು ನಿರೂಪಣೆಯನ್ನು ನಿಷೇಧಿಸಿದೆ. 2023ರ ಜನವರಿ 1ರಿಂದ ಇಲ್ಲಿಯ ಪ್ರತಿನಿಧಿಗಳು ವ್ಯವಹಾರದ ಇ-ಮೇಲ್‌ನಲ್ಲಿ ಪರವಾನಗಿ ಸಂಖ್ಯೆಯನ್ನೂ ನಮೂದಿಸಬೇಕು. ‘ಇನ್ನು ಬರೆಯಬೇಡಿ’ ಎಂದವರ ಮಾತನ್ನು ಹತ್ತು ಕೆಲಸದ ದಿನಗಳೊಳಗೆ ನಡೆಸಿಕೊಡಬೇಕೆಂದು 2003ರ ಒಕ್ಕೂಟದ ಕಾನೂನು ವಿಧಿಸುತ್ತದೆ. ಮಾರಾಟಕ್ಕಾಗಿ ಆನ್‌ಲೈನ್‌ನಲ್ಲಿ ಸಂಭಾಷಿಸುವ ಬಾಟ್ ತಾನು ಮನುಷ್ಯನೆಂದು ನಂಬಿಸಿ ಮೋಸಗೊಳಿಸಬಾರದೆಂಬ ಕಾನೂನೂ 2019ರ ಜುಲೈ 1ರಿಂದ ಈ ರಾಜ್ಯದಲ್ಲಿದೆ.

ಕನ್ನಡದಲ್ಲಿ ಬರೆಯಲು ಹೇಳಿದಾಗ ತೊಡಕು ಬೇರೆ ಬಗೆಯದು. ಅದರ ವ್ಯಾಕರಣವು ಈಗ ಸಾಕಷ್ಟು ಶುದ್ಧವಾಗಿದೆ. ಆದರೆ ‘ತಮ್ಮ ಮರಣದ ಸಂದರ್ಭದಲ್ಲಿ ತಮ್ಮ ಪತ್ನಿಗೆ’ ಎಂದು ಅದು ನಿರ್ವಿಕಾರವಾಗಿ ಬರೆಯುತ್ತದೆ. ಹಬ್ಬದ ಮನೆಗೆ ಯಾರಾದರೂ ಇಂಥ ಕಾಗದ ಕಳುಹಿಸುತ್ತಾರೆಯೆ? ‘ನಾಳೆ ಹೆಚ್ಚುಕಡಿಮೆಯಾದರೆ’ ಎಂದಷ್ಟೇ ನಮ್ಮವರು ಹೇಳುತ್ತಾರೆ. ಹೇಳಬೇಕಾದುದೆಲ್ಲವೂ ಅಷ್ಟರಲ್ಲಿದೆ. ಮೂರನೆಯ ದಿನಕ್ಕೊಂದು, ಏಳನೆಯ ದಿನಕ್ಕೊಂದು ಎಂದು ಯಂತ್ರ ಹಾಕಿಕೊಟ್ಟ ವೇಳಾಪಟ್ಟಿಗೆ ಪಿತೃಪಕ್ಷವೆಂಬುದು ಗೊತ್ತಿಲ್ಲ. ಭಾದ್ರಪದದ ಆ ಹದಿನೈದು ದಿನ ಯಾವ ಹೊಸ ಕಾಗದಕ್ಕೂ ಸಹಿ ಹಾಕದ ಮನೆಗಳು ಕೊಲ್ಲಿಯ ಆಚೆ ಈಚೆ ಎಷ್ಟೋ ಇವೆ. ಅದನ್ನು ಮೂಢನಂಬಿಕೆ ಎನ್ನುವವರು ಎನ್ನಲಿ. ನಾನಂತೂ ಆ ಪಕ್ಷದಲ್ಲಿ ಬರೆಯುವುದಿಲ್ಲ.

ಚಾಟ್‌ಜಿಪಿಟಿ ಬಂದ ಆ ನವೆಂಬರಿನಲ್ಲಿಯೇ ಮೆಟಾ ಕಂಪನಿಯು 11,000ಕ್ಕೂ ಹೆಚ್ಚು ಜನರನ್ನು ಕೆಲಸದಿಂದ ತೆಗೆಯಿತು. 2023ರ ಜನವರಿಯಲ್ಲಿ ಗೂಗಲ್‌ನ ಮಾತೃಸಂಸ್ಥೆ ಸುಮಾರು 12,000 ಹುದ್ದೆಗಳ ಕಡಿತವನ್ನು ಘೋಷಿಸಿತು. ಎಚ್-1ಬಿ ವೀಸಾದ ಮೇಲಿದ್ದ ನಮ್ಮ ಹುಡುಗರು ಕೆಲಸ ಹೋದರೆ ಗರಿಷ್ಠ 60 ದಿನಗಳ ಗಡುವನ್ನು ಎಣಿಸುವವರು. ಇನ್ನೊಂದು ಗಡುವು ಅನೇಕರ ಗಮನಕ್ಕೇ ಬರುವುದಿಲ್ಲ. ಉದ್ಯೋಗದಾತರು ಕೊಟ್ಟ ಗುಂಪು ಜೀವವಿಮೆ ಕೆಲಸದೊಡನೆಯೇ ಮುಗಿಯುತ್ತದೆ. ಅದನ್ನು ಆರೋಗ್ಯ ಪರೀಕ್ಷೆಯಿಲ್ಲದೆ ಸ್ವಂತ ಹೆಸರಿನ ಪಾಲಿಸಿಯಾಗಿ ಪರಿವರ್ತಿಸಿಕೊಳ್ಳಲು ಸಾಮಾನ್ಯವಾಗಿ 31 ದಿನಗಳ ಅವಕಾಶವಿದೆ. ಸಕ್ಕರೆ ಕಾಯಿಲೆಯೋ ಹೃದ್ರೋಗವೋ ಇದ್ದವರಿಗೆ ಆ ಒಂದು ತಿಂಗಳು ಮತ್ತೆ ಸಿಗುವುದಿಲ್ಲ.

ಆ ಚಳಿಗಾಲದಲ್ಲಿ ನನ್ನ ಪಟ್ಟಿಯಲ್ಲಿ ಒಬ್ಬ ತಂತ್ರಾಂಶ ಎಂಜಿನಿಯರ್ ಇದ್ದರು. ರಾಜ್ಯೋತ್ಸವದಲ್ಲಿ ಹೆಸರು ಕೊಟ್ಟವರು ಎರಡು ಪತ್ರಕ್ಕೂ ಉತ್ತರಿಸಿರಲಿಲ್ಲ. ಮೂರನೆಯದಕ್ಕೆ ಯಂತ್ರವು ಅಂದವಾದ ಕರಡನ್ನು ಸಿದ್ಧಪಡಿಸಿತ್ತು: ಹುಟ್ಟುಹಬ್ಬ ಸಮೀಪಿಸುತ್ತಿದೆ, ವಯಸ್ಸು ಏರಿದಂತೆ ಕಂತೂ ಏರುತ್ತದೆ, ಇಂದೇ ನಿರ್ಧರಿಸಿ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಅವರ ಕೆಲಸ ಹೋಗಿ ಎರಡು ವಾರವಾಗಿತ್ತೆಂದು ಕನ್ನಡ ಶಾಲೆಯಲ್ಲಿ ಮಕ್ಕಳನ್ನು ಬಿಡಲು ಬಂದವರೊಬ್ಬರಿಂದ ನನಗೆ ತಿಳಿದಿತ್ತು. ಕರಡನ್ನು ಅಳಿಸಿದೆ. ಕನ್ನಡದಲ್ಲಿ ಐದೇ ಸಾಲು ಬರೆದೆ: ಏನನ್ನೂ ಕೊಳ್ಳಬೇಕಾಗಿಲ್ಲ, ಹಳೆಯ ಕಚೇರಿಯ ವಿಮಾ ಕಾಗದವನ್ನು ಹುಡುಕಿ ತೆಗೆಯಿರಿ, ಗಡುವಿನ ದಿನಾಂಕ ನೋಡಿ, ಅರ್ಥವಾಗದಿದ್ದರೆ ಫೋನ್ ಮಾಡಿ. ಆ ರಾತ್ರಿಯೇ ಫೋನ್ ಬಂತು, ಅವರಿಂದಲ್ಲ, ಅವರ ಹೆಂಡತಿಯಿಂದ. ಗಂಡನಿಗೆ ಹಿಂದಿನ ವರ್ಷ ಸ್ಟೆಂಟ್ ಹಾಕಿದ್ದಾರೆ, ಹೊಸ ಪಾಲಿಸಿ ಯಾರು ಕೊಡುತ್ತಾರೆ ಎಂದು ಆಕೆ ಕೇಳಿದರು. ಗುಂಪು ವಿಮೆಯ ಪರಿವರ್ತನೆಗೆ ಇನ್ನೂ ಹನ್ನೊಂದು ದಿನ ಉಳಿದಿತ್ತು. ಅರ್ಜಿ ಹೋಯಿತು, ಪಾಲಿಸಿ ಬಂತು. ನನಗೆ ಅದರಲ್ಲಿ ದಲ್ಲಾಳಿ ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ.

ಈಗಲೂ ಕರಡಿಗೆ ಯಂತ್ರವನ್ನು ಬಳಸುತ್ತೇನೆ. ಗ್ರಾಹಕರ ಕಾಯಿಲೆ, ಸಂಬಳ, ವೀಸಾ ಇವುಗಳನ್ನು ಅದರ ಮುಂದೆ ಇಡುವುದಿಲ್ಲ. ತಾನಾಗಿ ಪತ್ರ ಕಳುಹಿಸುವ ಅನುಮತಿಯನ್ನೂ ಅದಕ್ಕೆ ಕೊಟ್ಟಿಲ್ಲ. ನಮ್ಮ ಮೇಜಿನ ನಮೂನೆಯಲ್ಲಿ ಎರಡು ಪ್ರಶ್ನೆಗಳನ್ನು ಹೆಚ್ಚಿಗೆ ಸೇರಿಸಿದ್ದೇನೆ: ಯಾವ ಭಾಷೆಯಲ್ಲಿ ಬರೆಯಲಿ, ಯಾವಾಗ ಬರೆಯದಿರಲಿ. ಎರಡನೆಯದನ್ನು ಹೆಚ್ಚಿನವರು ಖಾಲಿ ಬಿಡುತ್ತಾರೆ. ಮಗನ ಮನೆಗೆ ಧಾರವಾಡದಿಂದ ಬಂದಿದ್ದ ಹಿರಿಯ ತಾಯಿಯೊಬ್ಬರು ಮಾತ್ರ ಎರಡಕ್ಕೂ ಸೇರಿಸಿ ದುಂಡಗೆ ಬರೆದುಕೊಟ್ಟರು: ‘ಪತ್ರ ಬ್ಯಾಡ. ಸಂಜಿ ಏಳರ ಮ್ಯಾಲೆ ಫೋನ್ ಮಾಡ್ರಿ.’