ಸ್ಪೀಕರ್ ಕೊಳ್ಳುವ ಮುನ್ನ ಕಿವಿಯನ್ನೂ ಕೇಳಿ

"ಡಾಕ್ಟ್ರೇ, ರಾತ್ರಿ ದೀಪ ಆರಿಸಿ ಮಲಗಿದರೆ ಕಿವಿಯೊಳಗೆ ಜೀರುಂಡೆ ಕೂಗಿದ ಹಾಗಾಗುತ್ತೆ. ಎದ್ದು ಕಿಟಕಿ ಹಾಕಿದರೂ ನಿಲ್ಲೋದಿಲ್ಲ."

ಹೀಗೆ ಹೇಳಿದವಳು ಹದಿನೇಳು ವರ್ಷದ ಹುಡುಗಿ. ಏಳು ವರ್ಷದಿಂದ ಕರ್ನಾಟಕ ಸಂಗೀತ ಕಲಿಯುತ್ತಿದ್ದಾಳೆ. ಗುರುಗಳು ಬೇರೆ ಊರಿನಲ್ಲಿರುವುದರಿಂದ ಪಾಠವೆಲ್ಲ ಕಂಪ್ಯೂಟರ್ ಮೂಲಕ. ಪಾಠಕ್ಕೆ ಇಯರ್‌ಫೋನ್, ಸಾಧನೆಗೆ ಇಯರ್‌ಫೋನ್, ಓದುತ್ತಾ ಕಛೇರಿ ಕೇಳುವುದಕ್ಕೂ ಅದೇ. ದಿನಕ್ಕೆ ನಾಲ್ಕೈದು ಗಂಟೆ. ಮನೆ ಬಸ್ಸು ಓಡಾಡುವ ರಸ್ತೆಯ ಮೇಲೆ. ಹೊರಗಿನ ಸದ್ದನ್ನು ಮೀರಿಸಬೇಕೆಂದರೆ ವಾಲ್ಯೂಮ್ ಏರಿಸಲೇಬೇಕು.

ಕಿವಿಯಲ್ಲಿ ಗುಗ್ಗೆ ಇರಲಿಲ್ಲ. ತಮಟೆ ಚೆನ್ನಾಗಿತ್ತು. ಆದರೆ ಶ್ರವಣ ಪರೀಕ್ಷೆಯ ನಕ್ಷೆಯಲ್ಲಿ 4000 ಹರ್ಟ್ಜ್ ಬಳಿ ಗೆರೆ ಸಣ್ಣದೊಂದು ಹಳ್ಳಕ್ಕೆ ಇಳಿದು ಮತ್ತೆ ಮೇಲೆ ಬಂದಿತ್ತು. ಮಗ್ಗ, ಹಿಟ್ಟಿನ ಗಿರಣಿ, ಕಮ್ಮಾರಸಾಲೆಗಳಲ್ಲಿ ವರ್ಷಗಟ್ಟಲೆ ದುಡಿದವರ ಕಿವಿಯಲ್ಲಿ ನಾವು ನೋಡುವ ಹಳ್ಳ ಅದು. ಮಾತು ಕೇಳುವುದಕ್ಕೆ ಸದ್ಯಕ್ಕೆ ಅವಳಿಗೆ ತೊಂದರೆಯಿಲ್ಲ. ಆದರೆ ಹಾಡುವವರಿಗೆ ಕಿವಿಯೇ ಬಂಡವಾಳ. ತಾಯಿಯ ಕಣ್ಣು ತುಂಬಿತು. ತಂದೆ ಮಾತ್ರ ಕೂಡಲೇ ಲೆಕ್ಕಕ್ಕೆ ಇಳಿದರು: "ಇಯರ್‌ಫೋನ್ ಬೇಡ ಅಂತೀರಿ. ಹಾಗಾದರೆ ಸ್ಪೀಕರ್ ತರುತ್ತೇನೆ. ಎಂಥದ್ದು ತರಲಿ? ಮೂರು ಸಾವಿರದೊಳಗೆ ಹೇಳಿ ಸಾರ್."

ವೈದ್ಯಕೀಯ ಪುಸ್ತಕದಲ್ಲಿ ಇದಕ್ಕೆ ಉತ್ತರವಿಲ್ಲ. ಅದಕ್ಕಿಂತ ಮುಜುಗರದ ಸಂಗತಿಯೆಂದರೆ, ಕೆಲವು ವರ್ಷಗಳ ಹಿಂದೆ ನಾನೇ ಒಂದು ಅಂಗಡಿಯಲ್ಲಿ "ಎರಡು ಸಾವಿರ ವ್ಯಾಟ್" ಎಂಬ ಚೀಟಿ ನೋಡಿ ಮರುಳಾಗಿ ತಂದ ಪೆಟ್ಟಿಗೆ ಈಗ ನಮ್ಮ ಮನೆಯ ಅಟ್ಟದಲ್ಲಿದೆ. ಹಾಗಾಗಿ ಅವರಿಗೆ ಹೇಳಿದ್ದನ್ನೂ, ಹೇಳುವ ಮುಂಚೆ ನಾನು ಕಲಿತದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ತುಳಿದ ಪೈರು

ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿದ ಒಂದು ಅಂಗವಿದೆ. ಅದೇ ಕಾಕ್ಲಿಯಾ. ಒಂದೊಂದು ಕಿವಿಯ ಕಾಕ್ಲಿಯಾದಲ್ಲೂ ಸುಮಾರು 15,000 ರೋಮಕೋಶಗಳಿವೆ. ಸದ್ದಿನ ಅಲೆ ಬಂದಾಗ ಇವು ಬಾಗಿ, ಮಿದುಳಿಗೆ ಸುದ್ದಿ ಕಳುಹಿಸುತ್ತವೆ. ದನ ಒಮ್ಮೆ ತುಳಿದರೆ ಪೈರು ಒಂದೆರಡು ದಿನದಲ್ಲಿ ಮತ್ತೆ ತಲೆಯೆತ್ತುತ್ತದೆ. ದಿನವೂ ತುಳಿದರೆ ಏಳುವುದಿಲ್ಲ. ಜಾತ್ರೆಯ ಧ್ವನಿವರ್ಧಕದ ಮುಂದೆ ನಿಂತು ಬಂದ ರಾತ್ರಿ ಕಿವಿ ಮಂದವಾಗಿ, ಮಾರನೆಯ ದಿನ ಸರಿಹೋಗುವುದು ಮೊದಲ ಬಗೆ. ವರ್ಷಗಟ್ಟಲೆ ಜೋರಾಗಿ ಕೇಳುವುದು ಎರಡನೆಯ ಬಗೆ. ಮನುಷ್ಯರಲ್ಲಿ ಸತ್ತ ರೋಮಕೋಶ ಮತ್ತೆ ಹುಟ್ಟುವುದಿಲ್ಲ. ಅದನ್ನು ಹುಟ್ಟಿಸುವ ಮಾತ್ರೆ, ತೈಲ, ಡ್ರಾಪ್ಸ್ ಯಾವುದೂ ಇಲ್ಲ. ಇದೆ ಎನ್ನುವ ಜಾಹೀರಾತನ್ನು ನಂಬಬೇಡಿ.

ಎಷ್ಟು ಸದ್ದು ಹೆಚ್ಚು? ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ, ಮಕ್ಕಳಿಗೆ 75 ಡೆಸಿಬಲ್‌ನಲ್ಲಿ 40 ಗಂಟೆ ಎಂದು ಮಿತಿ ಹೇಳುತ್ತದೆ. ಸಾಧಾರಣ ಮಾತುಕತೆ ಸುಮಾರು 60 ಡೆಸಿಬಲ್. ಓಡುವ ಮಿಕ್ಸಿಯ ಪಕ್ಕ ನಿಂತರೆ 80 ದಾಟುವುದು ಸಾಮಾನ್ಯ. ಇಲ್ಲೊಂದು ಮೋಸದ ಗಣಿತವಿದೆ. 3 ಡೆಸಿಬಲ್ ಏರಿದರೆ ಶಬ್ದದ ಶಕ್ತಿ ಇಮ್ಮಡಿಯಾಗುತ್ತದೆ, ಸುರಕ್ಷಿತ ಅವಧಿ ಅರ್ಧಕ್ಕೆ ಇಳಿಯುತ್ತದೆ. 90 ಡೆಸಿಬಲ್ ಆದರೆ ವಾರಕ್ಕೆ 4 ಗಂಟೆ ಮಾತ್ರ. 100 ಆದರೆ ಇಡೀ ವಾರಕ್ಕೆ 20 ನಿಮಿಷ. ಇಯರ್‌ಫೋನನ್ನು ಪೂರ್ತಿ ಏರಿಸಿದರೆ 100 ಮುಟ್ಟುವುದು ಕಷ್ಟವೇನಲ್ಲ.

ಸ್ಪೀಕರ್‌ನಲ್ಲಿ ಒಂದು ಅನುಕೂಲವಿದೆ. ಇಯರ್‌ಫೋನಿನ ಸದ್ದು ಕೇಳುವವರಿಗಷ್ಟೇ ಗೊತ್ತು. ಸ್ಪೀಕರ್ ಜೋರಾದರೆ ಅಡುಗೆಮನೆಯಿಂದ "ಸ್ವಲ್ಪ ಕಡಿಮೆ ಮಾಡೇ" ಎಂಬ ಕೂಗು ಬರುತ್ತದೆ. ಹಾಗೆಂದು ಸ್ಪೀಕರ್ ನಿರಪಾಯವೆಂದಲ್ಲ. ಕಂಪ್ಯೂಟರ್ ಮೇಜಿನ ಮೇಲೆ ಅದು ನಿಮ್ಮಿಂದ ಒಂದು ತೋಳಿನ ದೂರದಲ್ಲಷ್ಟೇ ಇರುತ್ತದೆ.

ಮೆಲ್ಲನೆ ಕೇಳಿದಾಗಲೂ ತುಂಬಿದಂತಿರಬೇಕು

ಜನ ಯಾಕೆ ವಾಲ್ಯೂಮ್ ಏರಿಸುತ್ತಾರೆ? ಎಲ್ಲರೂ ಗದ್ದಲಪ್ರಿಯರಲ್ಲ. ಮೆಲ್ಲನೆ ಇಟ್ಟರೆ ಹಾಡು ಸಪ್ಪೆಯೆನಿಸುತ್ತದೆ, ಅದಕ್ಕೆ. ಇದರ ಅರ್ಧ ತಪ್ಪು ನಮ್ಮ ಕಿವಿಯದೇ. ಸದ್ದು ಕಡಿಮೆಯಿದ್ದಾಗ ಕಿವಿಗೆ ತಗ್ಗು ಸ್ವರಗಳು ಇನ್ನೂ ಕಡಿಮೆ ಕೇಳಿಸುತ್ತವೆ. ಇದನ್ನು ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದಾರೆ. ಇನ್ನರ್ಧ ತಪ್ಪು ಸ್ಪೀಕರಿನದು. ಎರಡಂಗುಲದ ಪ್ಲಾಸ್ಟಿಕ್ ಪೆಟ್ಟಿಗೆಗೆ ತಗ್ಗು ಸ್ವರವನ್ನು ಹೊರಡಿಸುವ ತಾಕತ್ತೇ ಇರುವುದಿಲ್ಲ. ಒಂದನೇ ಮನೆ ಶ್ರುತಿಯಲ್ಲಿ ಹಾಡುವ ಗಾಯಕರ ತಂಬೂರಿಯ ಮಂದ್ರ ಷಡ್ಜ ಸುಮಾರು 65 ಹರ್ಟ್ಜ್. ಅಗ್ಗದ ಸಣ್ಣ ಸ್ಪೀಕರ್‌ಗಳು 150 ಹರ್ಟ್ಜ್‌ನ ಕೆಳಗೆ ಹೆಚ್ಚುಕಮ್ಮಿ ಮೂಕ. ಮೇಲಿನ ಅನುಸ್ವರಗಳನ್ನು ಕೇಳಿ ಮಿದುಳು ಆ ಷಡ್ಜವನ್ನು ಊಹಿಸಿಕೊಳ್ಳುತ್ತದೆ, ನಿಜ. ಆದರೆ ಆ ತುಂಬುತನ ಬರುವುದಿಲ್ಲ. ಮೃದಂಗದ ಎಡಗೈ ಪೆಟ್ಟು ಡಬ್ಬ ತಟ್ಟಿದಂತೆ ಕೇಳುತ್ತದೆ. ಕೈ ತಾನಾಗಿ ಗುಂಡಿಯತ್ತ ಹೋಗುತ್ತದೆ. ವಾಲ್ಯೂಮ್ ಏರಿದಾಗ ತಗ್ಗು ಸ್ವರವಲ್ಲ, ಕಿವಿಗೆ ಚುಚ್ಚುವ ಎತ್ತರದ ಸ್ವರಗಳೇ ಮೊದಲು ನುಗ್ಗುತ್ತವೆ.

ಹಾಗಾಗಿ ವೈದ್ಯನಾಗಿ ನನ್ನ ಅಳತೆಗೋಲು ಒಂದೇ: ಮೆಲ್ಲನೆ ಹಾಕಿದಾಗಲೂ ಹಾಡು ತೃಪ್ತಿ ಕೊಡುವ ಸ್ಪೀಕರ್ ಕೊಳ್ಳಿ. ಎಷ್ಟು ಜೋರಾಗುತ್ತದೆ ಎಂಬುದನ್ನು ನೋಡಲೇಬೇಡಿ. ಎಲ್ಲವೂ ಬೇಕಾದ್ದಕ್ಕಿಂತ ಜೋರಾಗಿಯೇ ಆಗುತ್ತವೆ.

ವ್ಯಾಟಿನ ಚೀಟಿ

ಪೆಟ್ಟಿಗೆಯ ಮೇಲೆ ದೊಡ್ಡಕ್ಷರದಲ್ಲಿ ಪಿಎಂಪಿಒ ಎಂದು ಬರೆದು ಮುಂದೆ ಸಾವಿರಗಟ್ಟಲೆ ವ್ಯಾಟ್ ತೋರಿಸಿದ್ದರೆ ಅದನ್ನು ಓದಿದ ಕೂಡಲೇ ಮರೆತುಬಿಡಿ. ಕ್ಷಣಮಾತ್ರದ ಗರಿಷ್ಠ ಶಕ್ತಿಯೆಂದು ಹೇಳಿಕೊಳ್ಳುವ ಆ ಅಂಕಿಗೆ ಎಲ್ಲರೂ ಒಪ್ಪಿದ ಅಳತೆಯ ಕ್ರಮವೇ ಇಲ್ಲ. ನೋಡಬೇಕಾದ್ದು ಆರ್‌ಎಂಎಸ್ ಎಂಬುದರ ಮುಂದಿನ ಅಂಕಿ. ಅದೂ ಇಲ್ಲವಾದರೆ ಸ್ಪೀಕರಿನ ಜೊತೆ ಬರುವ ಅಡಾಪ್ಟರನ್ನು ತಿರುಗಿಸಿ ನೋಡಿ. 12 ವೋಲ್ಟ್, 1 ಆಂಪಿಯರ್ ಎಂದಿದ್ದರೆ ಎರಡನ್ನೂ ಗುಣಿಸಿ: 12 ವ್ಯಾಟ್. ಒಳಗೆ ಹೋಗುವುದೇ 12 ವ್ಯಾಟ್ ಆದಾಗ ಹೊರಗೆ ಸತತವಾಗಿ ಅದಕ್ಕಿಂತ ಹೆಚ್ಚು ಬರಲಾರದು. ನನ್ನ ಅಟ್ಟದ ಪೆಟ್ಟಿಗೆಯ "ಎರಡು ಸಾವಿರ ವ್ಯಾಟ್" ಈ ಲೆಕ್ಕದಲ್ಲಿ ಹದಿನೈದಕ್ಕೆ ಬಂದು ನಿಂತಿತು. ಕಂಪ್ಯೂಟರಿನ ಸಾಮಾನ್ಯ ಯುಎಸ್‌ಬಿ ಕಿಂಡಿಯಿಂದಲೇ ವಿದ್ಯುತ್ ಪಡೆಯುವ ಪುಟ್ಟ ಸ್ಪೀಕರ್‌ಗಳಿಗೆ ಸಿಗುವುದು ಹಲವು ವೇಳೆ ಎರಡೂವರೆ ವ್ಯಾಟ್ ಮಾತ್ರ.

ಕಡಿಮೆಯಾಯಿತೆಂದು ಬೇಸರಪಡಬೇಡಿ. ಸಣ್ಣ ಸ್ಪೀಕರಿಗೆ 1 ವ್ಯಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ ಸುಮಾರು 80ರಿಂದ 85 ಡೆಸಿಬಲ್ ಸದ್ದು ಬರುತ್ತದೆ. ಒಂದೊಂದಕ್ಕೆ 5 ವ್ಯಾಟ್ ಇರುವ ಜೋಡಿ 90 ಡೆಸಿಬಲ್ ದಾಟಬಲ್ಲದು. ಮೇಜಿನ ಮುಂದೆ ಕೂತು ಕೇಳುವವರಿಗೆ ಒಂದೊಂದು ಬದಿಗೆ 5ರಿಂದ 15 ವ್ಯಾಟ್ ಧಾರಾಳವಾಯಿತು. ಉಳಿದ ಹಣ ವ್ಯಾಟಿಗಲ್ಲ, ಪೆಟ್ಟಿಗೆಗೆ ಹೋಗಲಿ. ಮೂರು ಅಂಗುಲ ಅಥವಾ ಅದಕ್ಕಿಂತ ದೊಡ್ಡ ಸ್ಪೀಕರ್, ಕೈಯಲ್ಲಿ ಎತ್ತಿದರೆ ತೂಕ ಗೊತ್ತಾಗುವ ಮರದ ಹಲಗೆಯ ಗೂಡು, ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು ಬರಬಾರದು.

ಒಂದು ಡಬ್ಬಿ ಸಬ್‌ವೂಫರ್, ಎರಡು ಚಿಕ್ಕ ಮರಿ ಸ್ಪೀಕರ್ ಇರುವ ಮೂರರ ಗುಂಪು ಒಳ್ಳೆಯದೋ, ಬರೀ ಜೋಡಿ ಒಳ್ಳೆಯದೋ ಎಂದು ಕೇಳುವವರಿದ್ದಾರೆ. ಕಡಿಮೆ ಬೆಲೆಯಲ್ಲಿ ನನ್ನ ಮತ ಜೋಡಿಗೆ. ಅದೇ ಹಣವನ್ನು ಮೂರಕ್ಕೆ ಹಂಚಿದಾಗ ಮರಿಗಳು ತೀರ ಬಡವಾಗುತ್ತವೆ. ಗಾಯಕರ ಧ್ವನಿ ಬರುವುದು ಆ ಮರಿಗಳಿಂದಲೇ. ಡಬ್ಬಿ ಮಾತ್ರ ಎಲ್ಲ ಹಾಡಿಗೂ ಒಂದೇ "ಧುಂ" ಎನ್ನುತ್ತದೆ. ಆ ಧುಂಕಾರ ಗೋಡೆಯನ್ನೂ ದಾಟಿ ಪಕ್ಕದ ಮನೆಯವರ ನಿದ್ದೆ ಕೆಡಿಸುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬಲ್ ಮಿತಿ ಎಂಬುದು ನೆನಪಿರಲಿ.

ಅಂಗಡಿಯಲ್ಲಿ

ಅಂಗಡಿಯವರು ಹಾಕುವ ಹಾಡನ್ನು ಕೇಳಿ ಕೊಳ್ಳಬೇಡಿ. ಅವರು ಹಾಕುವುದೇ ಧುಂ ಧುಂ ಚೆನ್ನಾಗಿ ಬರುವ ಹಾಡು, ಅದೂ ಪೂರ್ತಿ ಜೋರಾಗಿ. ಜೋರಾದದ್ದು ಯಾವಾಗಲೂ ಒಳ್ಳೆಯದೆಂದೇ ಕಿವಿಗೆ ತೋರುತ್ತದೆ. ನಿಮಗೆ ಬಾಯಿಪಾಠವಾಗಿರುವ ಎರಡು ಮೂರು ಹಾಡುಗಳನ್ನು ಪೆನ್‌ಡ್ರೈವ್‌ನಲ್ಲೋ ಮೊಬೈಲ್‌ನಲ್ಲೋ ಒಯ್ಯಿರಿ. ಒಂದು ಬರೀ ತಂಬೂರಿ ಮತ್ತು ಗಾಯನದ ಆಲಾಪನೆ, ಒಂದು ಹೆಣ್ಣುದನಿಯ ಭಾವಗೀತೆ, ಒಂದು ತಾಳವಾದ್ಯವಿರುವುದು. ಮಾತನಾಡುವ ದನಿಗಿಂತ ಸ್ವಲ್ಪ ಕಡಿಮೆ ಇಡಲು ಹೇಳಿ. ಸಾಹಿತ್ಯ ಸ್ಪಷ್ಟವಾಗಿ ಬರುತ್ತದೆಯೇ? ಸ, ಶ ಅಕ್ಷರಗಳು ಸೀಟಿ ಹಾಕುತ್ತವೆಯೇ? ಹಾಡು ನಿಲ್ಲಿಸಿದಾಗ ಒಳಗಿಂದ "ಸ್ಸ್" ಎಂಬ ಸದ್ದಿದೆಯೇ? ಹತ್ತು ನಿಮಿಷ ಕೇಳಿದ ಮೇಲೆ ಆರಿಸಬೇಕೆನಿಸಿದರೆ ಅದು ನಿಮಗಲ್ಲ. ವಾಲ್ಯೂಮ್ ಗುಂಡಿ ಮುಂಭಾಗದಲ್ಲೇ ಇರಬೇಕು; ಬೆನ್ನಿಗಿದ್ದರೆ ಯಾರೂ ಕಡಿಮೆ ಮಾಡುವುದಿಲ್ಲ. ಮನೆಗೆ ತಂದು ಕೇಳಿ, ಹಿಡಿಸದಿದ್ದರೆ ವಾಪಸು ಕೊಡಲು ಆಗುತ್ತದೆಯೇ ಎಂದೂ ಮೊದಲೇ ಕೇಳಿಕೊಳ್ಳಿ.

ಮನೆಯಲ್ಲಿ ಎರಡು ಸ್ಪೀಕರ್ ಮತ್ತು ನಿಮ್ಮ ತಲೆ ತ್ರಿಕೋನದ ಮೂರು ಮೂಲೆಗಳಂತಿರಲಿ. ಸ್ಪೀಕರಿನ ಬಾಯಿ ಕಿವಿಯ ಮಟ್ಟಕ್ಕೆ ಬರುವಂತೆ ಅಡಿಯಲ್ಲಿ ನಾಲ್ಕು ಹಳೆಯ ಪುಸ್ತಕ ಇಟ್ಟರೂ ಸಾಕು; ಮೇಜು ಅದುರುವುದೂ ಕಡಿಮೆಯಾಗುತ್ತದೆ. ಗೋಡೆಯ ಮೂಲೆಗೆ ತಳ್ಳಿದರೆ ತಗ್ಗು ಸ್ವರ ಊದಿಕೊಂಡು ಮಾತು ಮಸುಕಾಗುತ್ತದೆ. ಒಂದು ಗೇಣು ಮುಂದೆ ತನ್ನಿ. ಬರಿದಾದ ಕೋಣೆ ಗೊಂಯ್‌ಗುಟ್ಟಿದರೆ ಕಿಟಕಿಗೊಂದು ದಪ್ಪ ಪರದೆ, ನೆಲಕ್ಕೊಂದು ಜಮಖಾನೆ ಹಾಕಿ. ನೂರಾರು ರೂಪಾಯಿಯಲ್ಲಿ ಸಾವಿರಾರು ರೂಪಾಯಿಯ ಸುಧಾರಣೆ ಇದರಿಂದ ಆಗುತ್ತದೆ.

ಒಳ್ಳೆಯ ಸ್ಪೀಕರಿಗೂ ಒಂದು ಅಪಾಯವಿದೆ, ಹೇಳಿಬಿಡುತ್ತೇನೆ. ಕೆಟ್ಟ ಸ್ಪೀಕರ್ ಜೋರಾದಾಗ ಕಿರುಚಿ ನಮ್ಮನ್ನು ಎಚ್ಚರಿಸುತ್ತದೆ. ಒಳ್ಳೆಯದು ಕಿರುಚುವುದಿಲ್ಲ, ಆದ್ದರಿಂದ ಎಷ್ಟು ಏರಿಸಿದ್ದೇವೆಂದು ತಿಳಿಯುವುದೇ ಇಲ್ಲ. ಮೊಬೈಲ್‌ನಲ್ಲಿ ಸಿಗುವ ಶಬ್ದ ಅಳೆಯುವ ಆ್ಯಪ್ ಅಷ್ಟು ಕರಾರುವಾಕ್ಕಲ್ಲದಿದ್ದರೂ ಅಂದಾಜಿಗೆ ಸಾಕು. ನಿಮ್ಮ ಕಿವಿಯಿರುವ ಜಾಗದಲ್ಲಿ ಅದನ್ನು ಹಿಡಿದು, 70ರ ಆಸುಪಾಸು ತೋರಿಸುವ ಕಡೆ ಗುಂಡಿಯ ಪಕ್ಕ ಒಂದು ಚುಕ್ಕೆ ಇಡಿ. ಮಕ್ಕಳಿಗೆ ಆ ಚುಕ್ಕೆಯೇ ಕೊನೆ ಎಂದು ಹೇಳಿ.

ತಾತನ ವಾಲ್ಯೂಮ್

ಮನೆಯ ಹಿರಿಯರು ಎಷ್ಟು ಏರಿಸಿದರೂ "ಹಾಡು ಕೇಳ್ತದೆ, ಮಾತು ತಿಳಿಯಲ್ಲ" ಎನ್ನುತ್ತಿದ್ದರೆ ದೊಡ್ಡ ಸ್ಪೀಕರ್ ತರಲು ಓಡಬೇಡಿ. ವಯಸ್ಸಾದಂತೆ ಎತ್ತರದ ಸ್ವರಗಳು ಮೊದಲು ಹೋಗುತ್ತವೆ, ಅದರೊಂದಿಗೆ ಸ, ಫ, ತ ಮುಂತಾದ ವ್ಯಂಜನಗಳೂ ಹೋಗುತ್ತವೆ. ಅವರಿಗೆ ಬೇಕಾದ್ದು ಶ್ರವಣ ಪರೀಕ್ಷೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೂ, ಕಿವಿ-ಮೂಗು-ಗಂಟಲು ವಿಭಾಗವಿರುವ ದೊಡ್ಡ ಆಸ್ಪತ್ರೆಗಳಲ್ಲೂ ಈ ಪರೀಕ್ಷೆ ಆಗುತ್ತದೆ. ಇನ್ನು, ಯಾವ ವಯಸ್ಸಿನವರಿಗೇ ಆಗಲಿ, ಇದ್ದಕ್ಕಿದ್ದಂತೆ ಒಂದು ಕಿವಿ ಮಂದವಾದರೆ ಅದು ತುರ್ತು ಸ್ಥಿತಿ. ನೆಗಡಿಯೆಂದು ಕಾಯದೆ ಅಂದೇ, ತಪ್ಪಿದರೆ ಮಾರನೆಯ ದಿನವೇ ವೈದ್ಯರನ್ನು ಕಾಣಿ. ಬೇಗ ಚಿಕಿತ್ಸೆ ಶುರುವಾದಷ್ಟೂ ಕಿವಿ ಮರಳುವ ಸಂಭವ ಹೆಚ್ಚು.

ಮೂರು ತಿಂಗಳ ನಂತರ ಆ ಹುಡುಗಿ ಮತ್ತೆ ಬಂದಳು. ತಂದೆ ಮೂರು ಸಾವಿರದ ಇನ್ನೂರಕ್ಕೆ ಒಂದು ಮರದ ಜೋಡಿ ತಂದಿದ್ದರು. ಇನ್ನೂರು ಹೆಚ್ಚಾದದ್ದನ್ನು ನನಗೆ ಎರಡು ಸಲ ಹೇಳಿದರು. ಜೀರುಂಡೆ ಪೂರ್ತಿ ಹೋಗಿಲ್ಲ, ಆದರೆ ನಿದ್ದೆಗೆ ಅಡ್ಡ ಬರುವುದಿಲ್ಲ ಎಂದಳು. ನಕ್ಷೆಯಲ್ಲಿ ಹಳ್ಳ ಹಾಗೆಯೇ ಇತ್ತು, ಮುಂದೆ ಆಳವಾಗಿರಲಿಲ್ಲ. ಮನೆಯಲ್ಲಿ ಹೊಸದೊಂದು ತಕರಾರು ಶುರುವಾಗಿದೆಯಂತೆ. ಪಾಠ ಈಗ ಎಲ್ಲರಿಗೂ ಕೇಳಿಸುವುದರಿಂದ ಪಕ್ಕದ ಕೋಣೆಯ ಅಜ್ಜಿ ಅಲ್ಲಿಂದಲೇ ತಾಳ ಹಾಕಿ, ತಪ್ಪಿದಲ್ಲೆಲ್ಲ "ಮತ್ತೆ ಹೇಳು" ಎನ್ನುತ್ತಾರೆ. ಮುಂದಿನ ಪರೀಕ್ಷೆಗೆ ಆರು ತಿಂಗಳ ನಂತರ ಬರಲು ಹೇಳಿದ್ದೇನೆ.